ತಾಂತ್ರಿಕ ಬಳಗದ ಚರ್ಚೆಗೆ ಜಾಗ ಆರಿಸುವುದು ಹೇಗೆ?

"ನುಡಿಯಲ್ಲಿ ಟೈಪ್ ಮಾಡಿದ ಹಳೆ ಫೈಲನ್ನು ಯೂನಿಕೋಡ್‌ಗೆ ತರೋದು ಹೇಗೆ?" ಕನ್ನಡದಲ್ಲಿ ಕಂಪ್ಯೂಟರ್ ಬಳಸುವವರ ಯಾವ ವಾಟ್ಸಾಪ್ ಗುಂಪಿಗೆ ಹೋದರೂ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. (ನುಡಿ ಅಂದರೆ ಕನ್ನಡ ಟೈಪಿಂಗ್ ತಂತ್ರಾಂಶ, ಯೂನಿಕೋಡ್ ಅಂದರೆ ಎಲ್ಲ ಕಡೆ ಓದಲು ಬರುವ ಅಕ್ಷರ ಸಂಕೇತ ಪದ್ಧತಿ.) ಯಾರೋ ಪುಣ್ಯಾತ್ಮರು ಪರಿವರ್ತಕದ ಲಿಂಕ್ ಕೊಟ್ಟು, ಅರ್ಕಾವತ್ತು ಎಲ್ಲಿ ಕೆಡುತ್ತದೆ, ಅದನ್ನು ಹೇಗೆ ಸರಿಮಾಡಬೇಕು ಅಂತ ತಾಳ್ಮೆಯಿಂದ ಬರೆಯುತ್ತಾರೆ. ಸಂಜೆಯೊಳಗೆ ಅದರ ಮೇಲೆ ಶುಭಾಶಯದ ಚಿತ್ರಗಳು ಬಿದ್ದು ಉತ್ತರ ಮುಳುಗಿಹೋಗುತ್ತದೆ. ಮುಂದಿನ ತಿಂಗಳು ಇನ್ನೊಬ್ಬರು ಅದನ್ನೇ ಕೇಳುತ್ತಾರೆ. ಎಷ್ಟು ಸಲ ಅಂತ ಬರೆಯುತ್ತಾರೆ ಪಾಪ, ಉತ್ತರ ಕೊಡುವವರು ಒಂದು ದಿನ ಸುಮ್ಮನಾಗಿಬಿಡುತ್ತಾರೆ. ಒಳ್ಳೊಳ್ಳೆ ಬಳಗಗಳು ಹೀಗೆ ಸೊರಗಿದ್ದನ್ನು ನೋಡಿದ್ದೇನೆ. ಅದಕ್ಕೇ ಈ ಲೇಖನ.

ಮೊದಲ ಹೆಜ್ಜೆಯಲ್ಲಿ ಆಪ್‌ಗಳ ಹೆಸರೇ ಬೇಡ. ನಿಮ್ಮ ಗುಂಪಿನ ಕಳೆದ ತಿಂಗಳ ಸಂದೇಶಗಳನ್ನು ಓದಿ. "ಭಾನುವಾರದ ಸಭೆ ಎಷ್ಟು ಗಂಟೆಗೆ?" ಅನ್ನುವಂಥವು ನಾಳೆಗೆ ಯಾರಿಗೂ ಬೇಡ. ಇವಕ್ಕೆ ಚಾಟ್ ಸಾಕು. "ಲಿಬ್ರೆ ಆಫೀಸಿನಲ್ಲಿ ಒತ್ತಕ್ಷರ ಒಡೆದು ಕಾಣುತ್ತಿದೆ" ಅನ್ನುವಂಥ ಪ್ರಶ್ನೆಯ ಉತ್ತರ ಮಾತ್ರ ಎರಡು ವರ್ಷ ಬಿಟ್ಟು ಬಂದವರಿಗೂ ಬೇಕು. ಎರಡನ್ನೂ ಒಂದೇ ಚಾಟ್‌ಗೆ ತುಂಬುವುದರಿಂದಲೇ ತೊಂದರೆ ಶುರುವಾಗುವುದು.

ಈಗ ಪ್ರತಿ ಜಾಗಕ್ಕೂ ಒಂದೇ ಪರೀಕ್ಷೆ: ಗುಂಪಿಗೆ ಸೇರದ ಒಬ್ಬರು, ಗೂಗಲ್‌ನಲ್ಲಿ ಹುಡುಕಿ, ಹೋದ ವರ್ಷದ ಉತ್ತರ ಓದಬಹುದೇ? ವಾಟ್ಸಾಪ್ ಇಲ್ಲೇ ಬಿದ್ದುಹೋಗುತ್ತದೆ. ಅದರಲ್ಲಿ ಗುಂಪಿಗೆ 1024 ಜನರ ಮಿತಿ ಬೇರೆ, ಮೇಲಾಗಿ ನಿಮ್ಮ ಫೋನ್ ನಂಬರ್ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳು ಸೇರಲು ಹಿಂಜರಿಯುವುದಕ್ಕೆ ಇದೊಂದೇ ಸಾಕು. ಡಿಸ್ಕಾರ್ಡ್ ಗೇಮ್ ಆಡುವವರಿಗಾಗಿ 2015ರಲ್ಲಿ ಬಂದದ್ದು, ಮಾತಾಡುತ್ತಾ ಕೂರಲು ಚೆನ್ನಾಗಿದೆ, ಆದರೆ ಅಲ್ಲಿನ ಉತ್ತರವೂ ಒಳಗೇ ಉಳಿಯುತ್ತದೆ. ಕಚೇರಿ ತಂಡಗಳ ಚಾಟ್ ಆಪ್ ಸ್ಲ್ಯಾಕ್‌ನ ಉಚಿತ ಯೋಜನೆಯಲ್ಲಿ 90 ದಿನ ದಾಟಿದ ಸಂದೇಶ ಕಾಣುವುದೇ ಇಲ್ಲ. ಟೆಲಿಗ್ರಾಂ ಕೂಡ ಈ ಪರೀಕ್ಷೆ ಪಾಸಾಗುವುದಿಲ್ಲ. ಆದರೂ ಚಾಟ್‌ಗೆ ಅಂತ ಒಂದನ್ನು ಇಟ್ಟುಕೊಳ್ಳುವುದಾದರೆ ಅದನ್ನೇ ಆರಿಸಿ. ನಂಬರ್ ಮುಚ್ಚಿಡಬಹುದು, 2 ಲಕ್ಷ ಜನರವರೆಗೆ ಸೇರಬಹುದು, ಹಳೆಯ ಮಾತುಕತೆಯನ್ನು ಹೊಸಬರಿಗೂ ತೋರಿಸಬಹುದು.

ಮ್ಯಾಟ್ರಿಕ್ಸ್ ಎಂಬ ಮುಕ್ತ ಚಾಟ್ ವ್ಯವಸ್ಥೆ ನನಗೆ ಇಷ್ಟ. ನಮ್ಮದೇ ಸರ್ವರ್ ನಡೆಸಬಹುದು. ಆದರೆ 2023ರ ಮೇ ತಿಂಗಳಲ್ಲಿ ಭಾರತ ಸರ್ಕಾರ ತಡೆದ 14 ಆಪ್‌ಗಳಲ್ಲಿ ಅದಕ್ಕೆ ಜಾಸ್ತಿ ಬಳಸುವ ಎಲಿಮೆಂಟ್ ಕೂಡ ಇತ್ತು. ಇಲ್ಲಿನ ಹೊಸಬರ ಬಳಗವನ್ನು ಅದರ ಮೇಲೆ ನಿಲ್ಲಿಸಬೇಡಿ.

ಮೇಲಿಂಗ್ ಲಿಸ್ಟ್, ಅಂದರೆ ಒಂದು ವಿಳಾಸಕ್ಕೆ ಕಳಿಸಿದ ಇಮೇಲ್ ಸದಸ್ಯರೆಲ್ಲರಿಗೂ ಹೋಗುವ ಪದ್ಧತಿ? ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಕೆಲಸ ಇವತ್ತಿಗೂ ಅದರಲ್ಲೇ ನಡೆಯುತ್ತದೆ. ದಿನವಿಡೀ ಇಮೇಲ್‌ನಲ್ಲೇ ಇರುವವರಿಗೆ ಅದು ಸರಿ. ಆದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಅಭಿವೃದ್ಧಿಪಡಿಸುವವರ ಚರ್ಚೆ 2022ರಲ್ಲಿ ಮೇಲಿಂಗ್ ಲಿಸ್ಟ್ ಬಿಟ್ಟು ಡಿಸ್ಕೋರ್ಸ್ ಎಂಬ ಫೋರಂ (ವೆಬ್ ಚರ್ಚಾ ತಾಣದ) ತಂತ್ರಾಂಶಕ್ಕೆ ಹೋಯಿತು, ಅದೇ ವರ್ಷ ಲಿನಕ್ಸ್‌ಗೆ ಡೆಸ್ಕ್‌ಟಾಪ್ ಮಾಡುವ ಗ್ನೋಮ್ ಬಳಗವೂ ಹೋಯಿತು. ನನ್ನ ಸಲಹೆಯೂ ಅದೇ: ಉತ್ತರಗಳಿಗೆ ಡಿಸ್ಕೋರ್ಸ್, ಹರಟೆಗೆ ಟೆಲಿಗ್ರಾಂ, ಮೂರನೆಯದು ಬೇಡ. ಡಿಸ್ಕೋರ್ಸ್ ಮೇಲಿನ ಪರೀಕ್ಷೆ ಪಾಸಾಗುತ್ತದೆ. ಅದು ಮುಕ್ತ ತಂತ್ರಾಂಶ, ಇಡೀ ಫೋರಂ ಅನ್ನು ಬ್ಯಾಕಪ್ ಫೈಲ್ ಮಾಡಿ ಹೊರಗೆ ತರಬಹುದು. ಇದು ಸಣ್ಣ ಮಾತಲ್ಲ. ಇಮೇಲ್ ಗುಂಪುಗಳ ಸೇವೆಯಾಗಿದ್ದ ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಪೂರ್ತಿ ಮುಚ್ಚಿತು, ಅದಕ್ಕೂ ಮೊದಲೇ ಹಳೆಯ ಸಂದೇಶಗಳನ್ನು ಅಳಿಸಿತ್ತು. ಜಾಹೀರಾತು ಹಾಕಿ ಉಚಿತ ಫೋರಂ ಕೊಡುವ ಸೈಟುಗಳ ಹತ್ತಿರವೂ ಹೋಗಬೇಡಿ.

ಒಪ್ಪಿಕೊಳ್ಳುವ ಮುಂಚೆ ಕನ್ನಡದಲ್ಲಿ ಹುಡುಕಿ ನೋಡಿ. ಒಬ್ಬರು 'ಸಾಫ್ಟ್‌ವೇರ್' ಅಂತ ಬರೆಯುತ್ತಾರೆ, ಇನ್ನೊಬ್ಬರ ಕೀಬೋರ್ಡಿನಲ್ಲಿ ಅದು 'ಸಾಫ್ಟ್ವೇರ್' ಆಗುತ್ತದೆ. ಮೊದಲನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಒತ್ತನ್ನು ತಡೆದಿದೆ. ನಮಗೆ ಒಂದೇ ಪದ, ಹುಡುಕುವ ಯಂತ್ರಕ್ಕೆ ಎರಡಾಗಿಬಿಡಬಹುದು. ಎರಡೂ ರೀತಿ ಬರೆದು ಪರೀಕ್ಷಿಸಿ, ಪದೇ ಪದೇ ಬರುವ ಪದಗಳಿಗೆ ಟ್ಯಾಗ್ ಮಾಡಿಡಿ.

ಇನ್‌ಸ್ಟಾಲ್ ಕೆಲಸ ಕಷ್ಟವಿಲ್ಲ. ಕನಿಷ್ಠ 1 ಜಿಬಿ ರ‍್ಯಾಮ್ ಇರುವ ಸರ್ವರ್ ತಗೊಂಡು ಡಿಸ್ಕೋರ್ಸ್‌ನವರದೇ ಡಾಕರ್ (ತಂತ್ರಾಂಶವನ್ನು ಸಿದ್ಧ ಪೊಟ್ಟಣವಾಗಿ ಓಡಿಸುವ ಸಾಧನ) ಮಾರ್ಗದರ್ಶಿ ಪ್ರಕಾರ ಹೋಗಿ. ಸಿಕ್ಕಿಹಾಕಿಕೊಳ್ಳುವುದು ಫೋರಂ ಸದಸ್ಯರಿಗೆ ಕಳಿಸುವ ಇಮೇಲ್‌ನಲ್ಲಿ. ಎಷ್ಟೋ ಸರ್ವರ್ ಕಂಪನಿಗಳು ಮೇಲ್ ಸರ್ವರ್‌ಗಳು ಬಳಸುವ 25ನೇ ಪೋರ್ಟ್ (ಸಂಪರ್ಕದ ಬಾಗಿಲು) ಮುಚ್ಚಿರುತ್ತವೆ. ಸ್ವಂತ ಮೇಲ್ ಸರ್ವರ್ ಸಾಹಸ ಬಿಟ್ಟು, ಮೇಲ್ ಕಳಿಸುವ ಸೇವೆಯೊಂದನ್ನು 587ನೇ ಪೋರ್ಟ್‌ನಲ್ಲಿ ಜೋಡಿಸಿ.

ಇನ್ನು ಜನರನ್ನು ಕರೆತರುವುದು. ಎಲ್ಲರೂ ಎಡವುವುದು ಇಲ್ಲೇ. ಫೋರಂ ಸಿದ್ಧವಾದ ದಿನವೇ "ಎಲ್ಲರೂ ಸೇರಿ" ಅಂತ ಗುಂಪಿಗೆ ಲಿಂಕ್ ಹಾಕುತ್ತಾರೆ. ಜನ ಹೋಗಿ ನೋಡುತ್ತಾರೆ. ಹನ್ನೆರಡು ವಿಭಾಗ, ಎಲ್ಲವೂ ಖಾಲಿ. ವಾಪಸ್ ಬರುತ್ತಾರೆ, ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಹಾಗಾಗಿ ಮೊದಲು ತುಂಬಿಸಿ. ಚಾಟ್‌ನಿಂದ ಪದೇ ಪದೇ ಬಂದ ಮೂವತ್ತು ಪ್ರಶ್ನೆ ಆರಿಸಿ, ಉತ್ತರ ಬರೆದವರ ಒಪ್ಪಿಗೆ ಪಡೆದು, ಅವರ ಹೆಸರಿನಲ್ಲೇ ಚೊಕ್ಕವಾಗಿ ಹಾಕಿ. ವಿಭಾಗ ಮೂರು ಸಾಕು. ಚಾಟ್ ಪೂರ್ತಿ ಫೋರಂಗೆ ಹರಿಯುವಂತೆ ಬಾಟ್ (ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ) ಜೋಡಿಸುವ ಅಡ್ಡದಾರಿ ಬೇಡ, ಶುಭೋದಯವೂ ಜೊತೆಗೇ ಬರುತ್ತದೆ.

ಆಮೇಲೆ ಉತ್ತರ ಕೊಡುವವರನ್ನು ಹಿಡಿಯಿರಿ. ಐನೂರು ಜನರ ಗುಂಪಾದರೂ ನಿಜವಾಗಿ ಉತ್ತರಿಸುವವರು ನಾಲ್ಕೈದೇ ಜನ, ಅಲ್ವಾ? ಒಬ್ಬೊಬ್ಬರಿಗೂ ಫೋನ್ ಮಾಡಿ, ಯಾಕೆ ಜಾಗ ಬದಲಿಸುತ್ತಿದ್ದೀರಿ ಅಂತ ಹೇಳಿ, ಅಕೌಂಟ್ ಮಾಡಿಸಿ, ಹೊಸ ಪ್ರಶ್ನೆ ಬಂದರೆ ಅವರಿಗೆ ಮೇಲ್ ಹೋಗುವಂತೆ ಸೆಟ್ ಮಾಡಿಕೊಡಿ. ಅವರು ಬಂದರೆ ಉಳಿದವರು ಬರುತ್ತಾರೆ. ಅವರು ಬಾರದಿದ್ದರೆ ಘೋಷಣೆಯನ್ನೇ ಮುಂದಕ್ಕೆ ಹಾಕಿ.

ಹಳೆಯ ಗುಂಪನ್ನು ಮುಚ್ಚಬೇಡಿ. ಅಲ್ಲಿ ಯಾರಾದರೂ ಪ್ರಶ್ನೆ ಕೇಳಿದಾಗ "ಅದನ್ನು ಫೋರಂನಲ್ಲಿ ಕೇಳಿ" ಅಂತ ಅಟ್ಟಬೇಡಿ. ಧೈರ್ಯ ಮಾಡಿ ಮೊದಲ ಸಲ ಕೇಳಿದ ಹುಡುಗನಿಗೆ ಅದು ಬಾಗಿಲು ಹಾಕಿದ ಹಾಗೆ. ಆ ಪ್ರಶ್ನೆಯನ್ನು ನೀವೇ ಫೋರಂನಲ್ಲಿ ಹಾಕಿ, ಅಲ್ಲೇ ಉತ್ತರ ಬರೆಯಿರಿ, ಚಾಟ್‌ನಲ್ಲಿ ಎರಡು ಸಾಲಿನ ಸಾರ ಕೊಟ್ಟು ಕೆಳಗೆ ಲಿಂಕ್ ಅಂಟಿಸಿ. ಬೇಸರದ ಕೆಲಸವೇ, ಆದರೆ ಮೂರು ತಿಂಗಳು ಬಿಡದೆ ಮಾಡಿ. ಲಿಂಕ್ ಒತ್ತಿ ಹೋದವರು ಪಕ್ಕದ ಉತ್ತರವನ್ನೂ ಓದುತ್ತಾರೆ, ಒಂದು ದಿನ ನೇರ ಅಲ್ಲೇ ಕೇಳುತ್ತಾರೆ.

ಅಡ್ಮಿನ್ ಪಾಸ್‌ವರ್ಡ್ ಇಬ್ಬರ ಹತ್ತಿರವಾದರೂ ಇರಲಿ. ವಾರಕ್ಕೊಮ್ಮೆಯ ಬ್ಯಾಕಪ್ ಸರ್ವರ್‌ನಿಂದ ಹೊರಗೆ ಇನ್ನೊಂದು ಕಡೆ ಹೋಗಿ ಕೂರಲಿ. ಡೊಮೈನ್ (ಫೋರಂನ ವೆಬ್ ವಿಳಾಸ) ಯಾರ ಹೆಸರಿನಲ್ಲಿದೆ, ಯಾವ ದಿನ ನವೀಕರಿಸಬೇಕು ಎಂಬುದನ್ನು ಅಡ್ಮಿನ್‌ಗಳ ವಿಭಾಗದಲ್ಲಿ ಬರೆದು ಪಿನ್ ಮಾಡಿ.