ಕಾರ್ ರೇಡಿಯೋ ತಾನೇ ಸ್ಟೇಷನ್ ಬದಲಾಯಿಸ್ತಾ ಐತಾ? ಸೆಟ್ ಬಿಚ್ಚಿಸೋಕೆ ಮೊದ್ಲು ಇಷ್ಟು ನೋಡ್ರಿ

ಹೋದ ವರ್ಷ ಆಯುಧ ಪೂಜೆ ಆಗಿ ಮೂರೋ ನಾಕೋ ದಿನ ಆಗಿತ್ತು, ನಮ್ಮಪ್ಪನ್ನ ಕರ್ಕೊಂಡು ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೊರಟಿದ್ದೆ. ಅವ್ರಿಗೆ ಕಾರ್ ಹತ್ತಿದ ಕೂಡ್ಲೇ 102.6 ಆಕಾಶವಾಣಿ ಚಿತ್ರದುರ್ಗ ಹಚ್ಚಬೇಕು, ಬೇರೆ ಏನ್ ಹಾಕಿದ್ರೂ ಒಪ್ಪಲ್ಲ. ಹೆಬ್ಬಾಳು ಟೋಲ್ ದಾಟಿದ್ವಿ ನೋಡ್ರಿ, ಚೆನ್ನಾಗಿ ವಚನ ಬರ್ತಾ ಇದ್ದಿದ್ದು ಅರ್ಧಕ್ಕೇ ನಿಂತು ಗರ್ರ್ ಅಂತು, ಸ್ಕ್ರೀನ್ ಮೇಲೆ ನಂಬರ್ 103 ದಾಟಿ ಓಡ್ತಾ ಐತೆ, ನಾನು ವಾಪಸ್ 102.6ಕ್ಕೆ ತಂದೆ, ಎರಡು ನಿಮಿಷಕ್ಕೆ ಮತ್ತೆ ಓಡ್ತು. "ಯಾಕಪ್ಪಾ ತೆಗೀತೀಯ, ಇರ್ಲಿ ಬಿಡು ಅದು" ಅಂದ್ರು ಅಪ್ಪ. ನಾನು ಕೈಯೇ ಇಟ್ಟಿರ್ಲಿಲ್ಲ. ಭರಮಸಾಗರ ಬರೋಷ್ಟ್ರಲ್ಲಿ ಏಳೆಂಟು ಸಲ ಹಂಗೆ ಆಯ್ತು, ಕೊನೆಗೆ ಅವ್ರೇ ಬೇಜಾರಾಗಿ ಆಫ್ ಮಾಡ್ಬಿಟ್ರು.

ಮಾರನೇ ದಿನ ಒಂದು ಅಂಗಡಿಗೆ ತೋರ್ಸಿದೆ. ಅವ್ರು ನೋಡಿದ್ದು ಒಂದೇ ನಿಮಿಷ, "ಸೆಟ್ ಹೋಗೈತೆ ಸಾರ್, ಎಂಟು ಸಾವಿರ ಆಗುತ್ತೆ, ಹೊಸದು ಹಾಕ್ಸಿಬಿಡ್ರಿ" ಅಂದ್ರು. ಸೆಟ್ಟಿಗೆ ಏನೂ ಆಗಿರ್ಲಿಲ್ಲ, ತಪ್ಪು ಬೇರೆ ಕಡೆ ಇತ್ತು, ಅದೇನು ಅಂತ ಮುಂದೆ ಹೇಳ್ತೀನಿ. ಇದೇ ತೊಂದ್ರೆ ಆಮೇಲೆ ನಮ್ಮ ಸಂಬಂಧಿಕರ, ಸ್ನೇಹಿತರ ಮೂರ್ನಾಕು ಕಾರಲ್ಲಿ ನೋಡಿದೆ, ಒಂದೊಂದ್ರಲ್ಲಿ ಒಂದೊಂದು ಕಾರಣ, ಹೊಸ ಸೆಟ್ ಬೇಕಾಗಿದ್ದು ಒಂದಕ್ಕೂ ಇಲ್ಲ. ಅದಕ್ಕೇ ಇಷ್ಟು ಉದ್ದ ಬರೀತಾ ಇದೀನಿ.

ಮೊಟ್ಟಮೊದಲು ಮಾಡ್ಬೇಕಾದ್ದು ಏನಂದ್ರೆ, ಸ್ಟೇಷನ್ ಬದಲಾದಾಗ ಸ್ಕ್ರೀನ್ ಮೇಲಿನ ನಂಬರ್ ಕೂಡ ಬದಲಾಗುತ್ತಾ ಇಲ್ಲಾ ನಂಬರ್ ಹಂಗೇ ಇದ್ದು ಬರೋ ದನಿ ಮಾತ್ರ ಬದಲಾಗುತ್ತಾ ಅಂತ ನೋಡೋದು. ಗಾಡಿ ಓಡಿಸೋರು ನೋಡೋದು ಬೇಡ, ಪಕ್ಕದಲ್ಲಿ ಕೂತೋರಿಗೆ ಹೇಳ್ರಿ. ಎರಡೂ ಬೇರೆ ಬೇರೆ ರೋಗ, ಇದನ್ನ ನೋಡದೇ ಅಂಗಡಿಗೆ ಹೋದ್ರೆ ಅವ್ರಿಗೂ ಗೊತ್ತಾಗಲ್ಲ ನಿಮಗೂ ಗೊತ್ತಾಗಲ್ಲ.

ನಂಬರ್ ಹಂಗೇ ಇದ್ದು ದನಿ ಬದಲಾದ್ರೆ ನಿಮ್ಮ ರೇಡಿಯೋ ಸರಿಯಾಗೇ ಐತೆ. ಎಫ್‌ಎಂ ಗುಣಾನೇ ಹಂಗೆ, ಒಂದೇ ಫ್ರೀಕ್ವೆನ್ಸಿಲಿ ಎರಡು ಊರಿನ ಸ್ಟೇಷನ್ ಸಿಕ್ಕಿದ್ರೆ ಎರಡನ್ನೂ ಕಲಸಿ ಕೇಳ್ಸಲ್ಲ, ಯಾವುದು ಜೋರಾಗೈತೋ ಅದನ್ನ ಹಿಡ್ಕೊಂಡು ಇನ್ನೊಂದನ್ನ ತಳ್ಳಿಬಿಡುತ್ತೆ. ಗಾಡಿ ಓಡ್ತಾ ಇರುತ್ತೆ, ಗುಡ್ಡ ಅಡ್ಡ ಬಂದಾಗ ಇದು ಕಮ್ಮಿ ಆಗಿ ಅದು ಜಾಸ್ತಿ ಆಗುತ್ತೆ, ಆಗ ಪಟ್ ಅಂತ ಬದಲಾಯ್ತು ಅನ್ಸುತ್ತೆ. ಹಳೇ ಎಎಮ್‌ನಲ್ಲಿ ಹಂಗಲ್ಲ, ರಾತ್ರಿ ಹೊತ್ತು ಭದ್ರಾವತಿ 675 ಹಚ್ಚಿದ್ರೆ ದೂರದ ಸ್ಟೇಷನ್ನೂ ಹಿಂದೆ ಸಣ್ಣಗೆ ಸೇರ್ಕೊಂಡು ಎರಡೂ ಒಟ್ಟಿಗೆ ಕೇಳೋದು, ಆ ಕಾಲದೋರಿಗೆ ನೆನಪಿರ್ಬೇಕು. ಇನ್ನು ಮಂಜು ಬಿದ್ದ ಬೆಳಗಿನ ಜಾವದಲ್ಲಿ ಎಫ್‌ಎಂ ಅಲೆಗಳು ಸಾಮಾನ್ಯಕ್ಕಿಂತ ತುಂಬಾ ದೂರ ಬರ್ತವೆ, ನೆಲದ ಹತ್ರ ಗಾಳಿ ತಣ್ಣಗಿದ್ದು ಮೇಲಿನ ಗಾಳಿ ಬೆಚ್ಚಗಿದ್ರೆ ಅಲೆ ಮೇಲಕ್ಕೆ ಹೋಗದೇ ಬಗ್ಗಿ ಕೆಳಗೇ ಬರುತ್ತೆ. ಒಂದ್ಸಲ ಜನವರಿಲಿ ಹರಿಹರದ ತುಂಗಭದ್ರಾ ಸೇತುವೆ ಹತ್ರ ನಾನು ಹಚ್ಚಿದ್ದ ನಂಬರಲ್ಲೇ ತೆಲುಗು ಹಾಡು ಬಂತು, ಬಿಸಿಲು ಏರಿದ ಮೇಲೆ ತಾನೇ ಹೋಯ್ತು. ಇದಕ್ಕೆ ಯಾರೂ ಏನೂ ರಿಪೇರಿ ಮಾಡೋಕಾಗಲ್ಲ, ಆಂಟೆನಾ ಒಂದನ್ನ ಸರಿ ಇಟ್ಕೊಂಡ್ರೆ ಸಾಕು, ಅದನ್ನ ಕೊನೆಗೆ ಹೇಳ್ತೀನಿ.

ಈಗ ನಂಬರೇ ಓಡ್ತಾ ಇದ್ರೆ. ಖರ್ಚಿಲ್ದೇ ನೋಡೋ ಅಂಥವನ್ನ ಮೊದ್ಲು ಮುಗಿಸ್ರಿ.

ಗಡಿಯಾರ ಹಿಡಿದಂಗೆ ಸರಿಯಾಗಿ ಐದು ಸೆಕೆಂಡಿಗೋ ಹತ್ತು ಸೆಕೆಂಡಿಗೋ ಒಂದ್ಸಲ ಬದಲಾಗ್ತಾ ಇದ್ರೆ ಅದು ಸ್ಕ್ಯಾನ್, ಯಾರೋ ಒಂದು ಬಟನ್ನ ಜಾಸ್ತಿ ಹೊತ್ತು ಒತ್ತಿರ್ತಾರೆ, ಎಲ್ಲಾ ಸ್ಟೇಷನ್ ಸ್ವಲ್ಪ ಸ್ವಲ್ಪ ಕೇಳ್ಸೋ ಮೋಡ್ ಅದು, ಅದೇ ಬಟನ್ ಮತ್ತೆ ಒತ್ತಿದ್ರೆ ನಿಲ್ಲುತ್ತೆ. ಸೆಟ್ ಜೊತೆ ಚಿಕ್ಕ ರಿಮೋಟ್ ಬಂದಿದ್ರೆ ಅದರ ಸೆಲ್ ತೆಗೆದಿಡ್ರಿ, ಡ್ಯಾಶ್‌ಬೋರ್ಡ್ ಡಬ್ಬಿಲಿ ಆರ್‌ಸಿ ಇನ್ಶೂರೆನ್ಸ್ ಕವರ್ ಕೆಳಗೆ ಬಟನ್ ಒತ್ಕೊಂಡು ಕೂತಿರುತ್ತೆ.

ಆಮೇಲೆ ಸೆಟ್ಟಿಂಗಲ್ಲಿ ಎಎಫ್ ಅಂತ ಒಂದಿರುತ್ತೆ, ಅದನ್ನ ಆಫ್ ಮಾಡ್ರಿ, ಪಕ್ಕದಲ್ಲಿ ಟಿಎ (ಟ್ರಾಫಿಕ್ ಸುದ್ದಿ ಬಂದಾಗ ಅದನ್ನ ಕೇಳ್ಸೋದು) ಅಂತಿದ್ರೆ ಅದನ್ನೂ. ಎಎಫ್ ಏನಂದ್ರೆ, ಕೆಲವು ಎಫ್‌ಎಂ ಸ್ಟೇಷನ್ನುಗಳು ಹಾಡಿನ ಜೊತೆಗೆ ಕಿವಿಗೆ ಕೇಳ್ಸದಂಗೆ ಸಣ್ಣ ಡೇಟಾನೂ ಕಳಿಸ್ತವೆ, ಅದಕ್ಕೆ ಆರ್‌ಡಿಎಸ್ ಅಂತಾರೆ, ನಿಮ್ಮ ಸ್ಕ್ರೀನ್ ಮೇಲೆ ನಂಬರ್ ಬದ್ಲು ಸ್ಟೇಷನ್ ಹೆಸರು ಬರ್ತಿದ್ರೆ ಅದು ಇದರಿಂದಾನೇ. ಅದರಲ್ಲಿ ಸ್ಟೇಷನ್ನಿಗೊಂದು ಗುರುತಿನ ಕೋಡ್ ಇರುತ್ತೆ, ಅದೇ ಕಾರ್ಯಕ್ರಮ ಇನ್ಯಾವ ಫ್ರೀಕ್ವೆನ್ಸಿಲಿ ಸಿಗುತ್ತೆ ಅನ್ನೋ ಪಟ್ಟಿನೂ ಇರ್ಬಹುದು. ಸಿಗ್ನಲ್ ಕಮ್ಮಿ ಆದ್ರೆ ಸೆಟ್ಟು ತಾನೇ ಆ ಬೇರೆ ಫ್ರೀಕ್ವೆನ್ಸಿಗೆ ಜಿಗಿಯುತ್ತೆ. ಯುರೋಪಲ್ಲಿ ಒಂದೇ ಸ್ಟೇಷನ್ನು ಹತ್ತಾರು ಟವರಿಂದ ಬರುತ್ತೆ, ಅಲ್ಲಿ ಉದ್ದದ ಪ್ರಯಾಣಕ್ಕೆ ಇದು ಬಹಳ ಉಪಯೋಗ. ನಮ್ಮ ರಸ್ತೇಲಿ ಸಿಗ್ನಲ್ ಕಮ್ಮಿ ಆದಾಗ ಕೆಲವು ಸೆಟ್ಟುಗಳು ಅದೇ ಕೋಡ್ ಹುಡುಕ್ಕೊಂಡು ಇಡೀ ಬ್ಯಾಂಡ್ ಸುತ್ತುತ್ತವೆ, ಸಿಗಲ್ಲ, ಅಷ್ಟೊತ್ತು ಕೇಳೋರಿಗೆ ಗರಗರ. ಊರೊಳಗೆ ಜಯದೇವ ಸರ್ಕಲ್, ಪಿಬಿ ರೋಡ್ ಸುತ್ತ ಏನೂ ಆಗದೇ ಊರು ಬಿಟ್ಟು ಹೊರಗೆ ಹೋದ್ಮೇಲೆ ಮಾತ್ರ ಆಗ್ತಿದ್ರೆ ಮೊದ್ಲು ಇದನ್ನೇ ಅನುಮಾನ ಪಡ್ರಿ.

ಸೆಕೆಂಡ್ ಹ್ಯಾಂಡ್ ಸೆಟ್ ಹಾಕ್ಸಿರೋರು ಇದೊಂದು ನೋಡ್ಲೇಬೇಕು. ಸೆಟ್ಟಿಂಗಲ್ಲಿ ರೀಜನ್ ಅಂತಿರುತ್ತೆ, ಅಲ್ಲಿ ಅಮೆರಿಕ ಅಂತಿದ್ರೆ ಎಫ್‌ಎಂ ನಂಬರ್ ಎರಡೆರಡು ಪಾಯಿಂಟ್ ಜಿಗಿಯುತ್ತೆ, 102.5 ಆದ್ಮೇಲೆ 102.7, ನಡುವಿನ 102.6 ಹಿಡಿಯೋದೇ ಇಲ್ಲ, ಪಕ್ಕದಲ್ಲಿ ನಿಂತು ಕರಕರ ಅಂತ ಬರುತ್ತೆ, ಸ್ವಲ್ಪ ಸಿಗ್ನಲ್ ಕಮ್ಮಿ ಆದ್ರೂ ಹೋಯ್ತು. ಎಎಮ್‌ದೂ ಅಷ್ಟೇ, ಅಲ್ಲಿ ಹತ್ತತ್ತು ಜಿಗಿದ್ರೆ ನಮ್ಮ ಕಡೆ ಒಂಬತ್ತೊಂಬತ್ತು, ಹಂಗಾಗಿ ಭದ್ರಾವತಿ 675, ಬೆಂಗಳೂರು 612, ಧಾರವಾಡ 765 ಯಾವುದೂ ಸರಿಯಾಗಿ ಕೂರಲ್ಲ. ರೀಜನ್ ಲಿಸ್ಟಲ್ಲಿ ಇಂಡಿಯಾ ಇದ್ರೆ ಇಂಡಿಯಾ, ಇಲ್ಲಾಂದ್ರೆ ಯುರೋಪ್ ಅಂತ ಇಡ್ರಿ.

ಇದ್ಯಾವುದೂ ಅಲ್ಲ ಅಂದ್ರೆ ಯಾವುದೋ ಬಟನ್ನು ತಾನೇ ಒತ್ಕೊಳ್ತಾ ಐತೆ ಅಂತ ಅರ್ಥ. ನಮ್ಮ ಕಾರಿಂದು ಇದೇ. ಸ್ಟೀರಿಂಗ್ ಮೇಲೆ ಸೌಂಡು, ಸ್ಟೇಷನ್ನು ಅಂತ ಬಟನ್ ಇರ್ತಾವಲ್ಲ, ಬಹಳಷ್ಟು ಕಾರಲ್ಲಿ ಆ ಎಲ್ಲಾ ಬಟನ್ನಿಗೂ ಬೇರೆ ಬೇರೆ ವೈರ್ ಇರಲ್ಲ, ಒಂದೋ ಎರಡೋ ವೈರು ಅಷ್ಟೇ. ಒಂದೊಂದು ಬಟನ್ ಹಿಂದೆ ಒಂದೊಂದು ಅಳತೆಯ ರೆಸಿಸ್ಟರ್ (ಕರೆಂಟ್ ತಡೆಯೋ ಸಣ್ಣ ಭಾಗ) ಇಟ್ಟಿರ್ತಾರೆ, ನೀವು ಒತ್ತಿದಾಗ ಆ ವೈರಲ್ಲಿ ಎಷ್ಟು ಓಮ್, ಅಂದ್ರೆ ಎಷ್ಟು ತಡೆ ಬಂತು ಅಂತ ನೋಡಿ ಓಹೋ ಇದು ಸೌಂಡು, ಇದು ಮುಂದಿನ ಸ್ಟೇಷನ್ನು ಅಂತ ಸೆಟ್ಟು ತಿಳ್ಕೊಳುತ್ತೆ. ಆ ಬಟನ್ ಒಳಗೆ ಧೂಳು, ತೇವ ಸೇರ್ಕೊಂಡ್ರೆ ಒತ್ತದೇ ಇದ್ರೂ ಓಮ್ ಬದಲಾಗುತ್ತೆ, ಸೆಟ್ಟಿಗೆ ಯಾರೋ ಒತ್ತಿದಂಗೆ ಕಾಣುತ್ತೆ, ಅದು ಪಾಪ ಹೇಳಿದ ಕೆಲಸ ಮಾಡುತ್ತೆ.

ಇದನ್ನ ಪತ್ತೆ ಹಚ್ಚೋದು ಸುಲಭ. ಹೊರಗಿಂದ ಹಾಕ್ಸಿದ ಸೆಟ್ಟಾದ್ರೆ ಹಿಂದೆ ಕೀ-1, ಕೀ-2 ಅಂತ ಬರೆದಿರೋ ತೆಳು ವೈರ್ ಇರ್ತವೆ, ಅವನ್ನ ಬಿಚ್ಚಿ ತುದಿಗೆ ಟೇಪ್ ಸುತ್ತಿ ಎರಡು ದಿನ ಓಡಾಡ್ರಿ. ಸ್ಟೇಷನ್ ಓಡೋದು ನಿಂತ್ರೆ ತಪ್ಪು ಸ್ಟೀರಿಂಗ್ ಕಡೆ, ಸೆಟ್ಟಿನದಲ್ಲ. ನಾನು ಹಂಗೆ ಬಿಚ್ಚಿ ಚಿತ್ರದುರ್ಗಕ್ಕೆ ಹೋಗಿ ಬಂದೆ, ಜೋಗಿಮಟ್ಟಿ ಗುಡ್ಡದ ಗಾಳಿಯಂತ್ರಗಳು ಕಾಣೋವರೆಗೂ 102.6 ಅಲುಗಾಡ್ಲಿಲ್ಲ.

ಆಮೇಲೆ ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಹತ್ರ ಹೋಗಿ "ಅಣ್ಣಾ, ಸ್ಟೀರಿಂಗ್ ಬಟನ್ ಒಂದು ಬಿಚ್ಚಿ ನೋಡು" ಅಂದೆ. ಅವ್ರು ಬ್ಯಾಟರಿ ನೆಗೆಟಿವ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಬಟನ್ ಪ್ಯಾನಲ್ ಬಿಡಿಸಿ ತಿರುಗಿಸಿದ್ರು. ಒಳಗೆ ರಬ್ಬರ್ ಪ್ಯಾಡು, ಅದರ ಕೆಳಗೆ ಬೆರಳಗಲದ ಹಸಿರು ಬೋರ್ಡು, ಬೋರ್ಡಿನ ಮೇಲೆ ಪೂರ್ತಿ ಕೆಂಪು. ಕುಂಕುಮ! ಪೂಜೆ ದಿನ ಅಮ್ಮ ಸ್ಟೀರಿಂಗಿಗೆ ವಿಭೂತಿ ಬಳಿದು ಕುಂಕುಮ ಇಟ್ಟು ಹೂವು ಏರಿಸಿ ನೀರು ಚಿಮುಕಿಸಿದ್ರು, ಅದು ಬಟನ್ ಸಂದಿಯಿಂದ ಇಳಿದು ಮುಂದಿನ ಸ್ಟೇಷನ್ ಬಟನ್ನಿನ ಎರಡು ಗೆರೆ ನಡುವೆ ಒದ್ದೆ ಗೆರೆ ಎಳೆದಂಗೆ ಕೂತಿತ್ತು. ಮೀಟರ್ ಹಚ್ಚಿದ್ರೆ ಬಟನ್ ಮುಟ್ಟದೇ ಇದ್ರೂ ಮುಳ್ಳು ಅಲುಗಾಡ್ತಿತ್ತು. ಬ್ರಷ್ಷಲ್ಲಿ ಕುಂಕುಮ ಉದುರಿಸಿ, ಐಸೋಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ಹಚ್ಚಿ ಒರೆಸಿ, ಒಣಗಿಸಿ ಕೂರ್ಸಿದ್ರು, ಇನ್ನೂರು ರೂಪಾಯಿ ತಗೊಂಡ್ರು.

ಪೂಜೆ ಬಿಡ್ರಿ ಅಂತ ನಾನು ಹೇಳಲ್ಲ, ನಮ್ಮನೇಲೂ ಬಿಡಲ್ಲ. ಕುಂಕುಮ ಸ್ಟೀರಿಂಗಿನ ಮೇಲ್ಭಾಗದ ರಿಮ್ಮಿಗೆ ಇಡ್ರಿ, ಬಟನ್ ಇರೋ ಕಡೆ ಒಣ ಬಟ್ಟೆ ಮುಚ್ಚಿ ಆಮೇಲೆ ನೀರು ಚಿಮುಕಿಸ್ರಿ. ಮೆಕ್ಕೆಜೋಳದ ಸುಗ್ಗಿಲಿ ಸರ್ವಿಸ್ ರೋಡ್ ತುಂಬ ಜೋಳ ಹರವಿರ್ತಾರೆ, ಕಿಟಕಿ ಇಳಿಸ್ಕೊಂಡು ಹೋದ್ರೆ ಆ ಹೊಟ್ಟಿನ ಧೂಳೂ ಇಲ್ಲೇ ಬಂದು ಸೇರೋದು. ಖಾರ ಮಂಡಕ್ಕಿ ತಿಂದ ಎಣ್ಣೆ ಕೈಲಿ ಬಟನ್ ಒತ್ತೋದೂ ಬೇಡ.

ಒಂದು ಮಾತ್ರ ಗಟ್ಟಿಯಾಗಿ ಹೇಳ್ತೀನಿ, ಸ್ಟೀರಿಂಗ್ ನಡುವೆ ಏರ್‌ಬ್ಯಾಗ್ ಇರೋ ಕಾರಾದ್ರೆ ಮನೇಲಿ ಕೂತು ಬಿಚ್ಚಬೇಡ್ರಿ, ಅದರೊಳಗೆ ಸಿಡಿಯೋ ಮದ್ದು ಇರುತ್ತೆ, ಗೊತ್ತಿರೋರ ಕೈಲೇ ಬಿಚ್ಚಿಸ್ರಿ. ಸ್ಟೀರಿಂಗ್ ತಿರುಗಿಸಿದಾಗ ಮಾತ್ರ ನಂಬರ್ ಓಡ್ತಾ ಇದ್ದು ಜೊತೆಗೆ ಹಾರ್ನ್ ಒಮ್ಮೊಮ್ಮೆ ಹೊಡೀದೇ ಇದ್ರೆ, ಇಲ್ಲಾ ಏರ್‌ಬ್ಯಾಗ್ ಲೈಟ್ ಹತ್ಕೊಂಡಿದ್ರೆ ಬಟನ್ ಅಲ್ಲ, ಸ್ಟೀರಿಂಗ್ ಕೆಳಗೆ ಸುರುಳಿ ಸುತ್ತಿರೋ ಪಟ್ಟಿ ವೈರು, ಕ್ಲಾಕ್ ಸ್ಪ್ರಿಂಗ್ ಅಂತಾರೆ, ಅದು ಸವೆದಿರುತ್ತೆ. ಏರ್‌ಬ್ಯಾಗ್ ಕರೆಂಟ್ ಹೋಗೋದೂ ಅದರ ಮೇಲೇ, ಅದಕ್ಕೇ ರೇಡಿಯೋ ತಾನೇ ಅಂತ ಮುಂದೂಡಬೇಡ್ರಿ, ಆ ವಾರಾನೇ ಬದಲಾಯ್ಸಿ.

ಕೀ ವೈರ್ ಬಿಚ್ಚಿದ್ರೂ ಓಡ್ತಾ ಇದ್ರೆ ಸೆಟ್ಟಿನ ಮುಖ ನೋಡ್ಬೇಕು. ತಿರುಗಿಸೋ ನಾಬ್ ಇರೋ ಸೆಟ್ಟಾದ್ರೆ ಒಂದು ಕಟ್ ತಿರುಗಿಸ್ರಿ, ಒಂದು ಬದ್ಲು ಮೂರು ಜಿಗಿದ್ರೆ, ಇಲ್ಲಾ ಮುಂದಕ್ಕೆ ತಿರುಗಿಸಿದ್ರೆ ಹಿಂದಕ್ಕೆ ಹೋದ್ರೆ ನಾಬ್ ಒಳಗಿನ ಕಾಂಟ್ಯಾಕ್ಟು ಕೊಳೆಯಾಗೈತೆ, ಅಂಥದ್ದು ಹಂಪ್ ಹಾರಿಸಿದಾಗ್ಲೂ ತಾನೇ ಓಡುತ್ತೆ. ಸೆಟ್ ಆಫ್ ಮಾಡಿ, ನಾಬಿನ ಟೊಪ್ಪಿ ಎಳೆದು ತೆಗೆದು, ಕಾಂಟ್ಯಾಕ್ಟ್ ಕ್ಲೀನರ್ ಒಂದೇ ಒಂದು ಪುಸ್ ಹೊಡೆದು ಎರಡೂ ಕಡೆ ಐವತ್ತು ಸಲ ತಿರುಗಿಸಿ, ಅರ್ಧ ಗಂಟೆ ಒಣಗಕ್ಕೆ ಬಿಡ್ರಿ. ಕೊಬ್ಬರಿ ಎಣ್ಣೆ, ಪೆಟ್ರೋಲು ಹಾಕೋರನ್ನ ನೋಡೀನಿ, ದಯವಿಟ್ಟು ಬೇಡ, ಎಣ್ಣೆ ಧೂಳು ಹಿಡ್ಕೊಂಡು ಮೊದಲಿಗಿಂತ ಕೆಡುತ್ತೆ, ಪೆಟ್ರೋಲು ಪ್ಲಾಸ್ಟಿಕ್ ತಿನ್ನುತ್ತೆ, ಬೆಂಕಿ ಭಯ ಬೇರೆ. ಟಚ್ ಸ್ಕ್ರೀನ್ ಆದ್ರೆ ಮೇಲೆ ಅಂಟಿಸಿರೋ ಗಾರ್ಡ್ ಕಿತ್ತು ನೋಡ್ರಿ, ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಗಾಡೀಲಿ ಗಾರ್ಡ್ ಉಬ್ಬಿ ಬೆರಳು ಮುಟ್ಟಿದಂಗೇ ಆಗುತ್ತೆ. ನೆರಳಲ್ಲಿ ತಣ್ಣಗಾದ್ಮೇಲೆ ಸರಿ ಹೋದ್ರೆ ಅದೇ ಅಂತ ತಿಳ್ಕೊಳ್ರಿ.

ಪ್ರತಿ ಸಲ ಗಾಡಿ ಆಫ್ ಮಾಡಿ ಆನ್ ಮಾಡಿದಾಗ 87.5ಕ್ಕೆ ಹೋಗಿ ನಿಲ್ತಾ ಇದ್ರೆ ಅದು ಬೇರೇನೇ, ಮೆಮೊರಿಗೆ ಕರೆಂಟ್ ಇಲ್ಲ. ಹೊರಗಿನ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಹಳದಿ ವೈರು ಬ್ಯಾಟರಿಗೆ ನೇರ, ಕೆಂಪು ಕೀಗೆ. ಎರಡನ್ನೂ ಕೀಗೇ ಕಟ್ಟಿರ್ತಾರೆ, ಇಲ್ಲಾ ಅದಲು ಬದಲು ಮಾಡಿರ್ತಾರೆ, ಇಲ್ಲಾ ಹಳದಿ ಫ್ಯೂಸ್ ಹೋಗಿರುತ್ತೆ. ಹತ್ತು ನಿಮಿಷದ ಕೆಲಸ.

ಆಂಟೆನಾ ವಿಷಯ. ಎಫ್‌ಎಂ ಅಲೆ 100 ಮೆಗಾಹರ್ಟ್ಸ್ ಹತ್ರ ಸುಮಾರು 3 ಮೀಟರ್ ಉದ್ದ, ಅದರ ಕಾಲುಭಾಗ ಅಂದ್ರೆ 75 ಸೆಂಟಿಮೀಟರ್ ಕಡ್ಡಿ ಇದ್ರೆ ಚೆನ್ನಾಗಿ ಹಿಡಿಯುತ್ತೆ. ಚೆಂದಕ್ಕೆ ಅಂತ ಬೆರಳುದ್ದದ್ದು ಹಾಕ್ಸಿದ್ರೆ ಸಿರಿಗೆರೆ ಕ್ರಾಸಲ್ಲಿ ಬರ್ತಿದ್ದಿದ್ದು ಆನಗೋಡಲ್ಲಿ ಬರ್ಲಿಲ್ಲ ಅಂತ ಬೈಕೊಳ್ಳೋದು ತಪ್ಪೋದಿಲ್ಲ. ಬುಡದ ನಟ್ಟು ತುಕ್ಕು ಹಿಡಿದೈತಾ, ಸೆಟ್ ಹಿಂದಿನ ದಪ್ಪ ಪಿನ್ನು ಸಡಿಲ ಐತಾ ನೋಡ್ರಿ. ಕಂಪನಿ ಆಂಟೆನಾ ಒಳಗೆ ಬೂಸ್ಟರ್ ಇದ್ದು ಹೊಸ ಸೆಟ್ ಹಾಕೋವಾಗ ನೀಲಿ ವೈರ್ ಕೊಡದೇ ಬಿಟ್ಟಿದ್ರೆ ಸಿಗ್ನಲ್ ಅರ್ಧಕ್ಕರ್ಧ ಬಿದ್ದೋಗುತ್ತೆ. ಸಿಗರೇಟ್ ಸಾಕೆಟ್ಟಲ್ಲಿರೋ ಅಗ್ಗದ ಮೊಬೈಲ್ ಚಾರ್ಜರ್, ಡ್ಯಾಶ್ ಕ್ಯಾಮ್ ಕಿತ್ತು ಒಂದ್ಸಲ ಕೇಳ್ರಿ, ಗರಗರ ತಟ್ಟನೆ ಕಮ್ಮಿ ಆದ್ರೆ ಚಾರ್ಜರ್ ಬದಲಾಯ್ಸಿ.

ಇಷ್ಟೆಲ್ಲಾ ನೋಡಿದ್ಮೇಲೂ ಓಡ್ತಾನೇ ಇದ್ರೆ ಆಗ ಸೆಟ್ಟಿನ ಒಳಗಿನ ತೊಂದ್ರೆ, ಅಂಗಡಿಗೆ ಹೋಗ್ರಿ. ಹೋದಾಗ "ರೇಡಿಯೋ ಸರಿ ಇಲ್ಲ" ಅಂತಷ್ಟೇ ಅನ್ಬೇಡ್ರಿ. ನಂಬರ್ ಬದಲಾಗುತ್ತೆ, ಎಎಫ್ ಆಫ್ ಐತೆ, ಕೀ ವೈರ್ ಬಿಚ್ಚಿ ನೋಡಾಯ್ತು, ಸ್ಟೀರಿಂಗ್ ತಿರುಗಿಸಿದ್ರೂ ತಿರುಗಿಸದೇ ಇದ್ರೂ ಆಗುತ್ತೆ ಅಂತ ಹೇಳ್ರಿ, ಎದುರಿಗಿರೋರು ಆಗ ಟೆಸ್ಟರ್ ಕೈಗೆ ತಗೊಳ್ತಾರೆ.