ಅಂಗಡಿ ದುಡ್ಡು ಬೇರೆ, ಮನೆ ದುಡ್ಡು ಬೇರೆ: ತೆರಿಗೆ ಲೆಕ್ಕ ಶುರುವಾಗುವುದು ಇಲ್ಲಿಂದ

ರಾಜಾಜಿನಗರದ ಸುತ್ತಮುತ್ತ ಕಾಂಡಿಮೆಂಟ್ಸ್, ಬೇಕರಿ, ಟೈಲರ್ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಮಾರ್ಚ್ ಕೊನೆಗೆ ಒಂದು ಸುತ್ತು, ಜುಲೈ ಕೊನೆಗೆ ಇನ್ನೊಂದು ಸುತ್ತು ಫೋನ್ ಬರುತ್ತವೆ. ಬೇಡಿಕೆ ಒಂದೇ: "ಮೇಡಂ, ಟ್ಯಾಕ್ಸ್ ಬೀಳದ ಹಾಗೆ ಏನಾದ್ರೂ ಮಾಡ್ಕೊಡಿ." ಅಷ್ಟು ಹೊತ್ತಿಗೆ ವರ್ಷ ಮುಗಿದಿರುತ್ತದೆ. ದುಡ್ಡು ಯಾವ ಖಾತೆಗೆ ಬಂತು, ಯಾವ ಬಿಲ್ ಉಳಿಯಿತು, ಯಾವುದು ಕಳೆದುಹೋಯಿತು ಎನ್ನುವುದೆಲ್ಲ ಆಗಲೇ ತೀರ್ಮಾನವಾಗಿರುತ್ತದೆ. ಅದಕ್ಕೇ ರಿಟರ್ನ್ ವಿಷಯ ಆಮೇಲೆ, ಮೊದಲು ಖಾತೆಯ ವಿಷಯ ಹೇಳುತ್ತೇನೆ.

ಅಂಗಡಿ ಇಟ್ಟವರು ಇವತ್ತೇ ಮಾಡಬೇಕಾದ್ದು ಒಂದು. ಅಂಗಡಿಯ ಹೆಸರಿನಲ್ಲಿ ಕರೆಂಟ್ ಅಕೌಂಟ್ ತೆರೆದು, ಗಲ್ಲಾದ ಮುಂದಿರುವ ಕ್ಯೂಆರ್ ಕೋಡ್ ಅದೊಂದಕ್ಕೇ ಜೋಡಿಸಿ. ಚೀಟಿ ದುಡ್ಡು, ಊರಿಂದ ತಮ್ಮ ಕಳಿಸಿದ ದುಡ್ಡು, ಮಗಳ ಫೀಸಿಗೆ ಭಾವ ಕೊಟ್ಟ ಕೈಸಾಲ, ಇವು ಯಾವುವೂ ಆ ಕ್ಯೂಆರ್‌ಗೆ ಬರಕೂಡದು. ಮನೆ ಖರ್ಚಿಗೆ ತಿಂಗಳಿಗೆ ಇಷ್ಟು ಎಂದು ಗೊತ್ತು ಮಾಡಿಕೊಂಡು, ಒಂದನೇ ತಾರೀಕು ಮನೆ ಖಾತೆಗೆ ಕಳಿಸಿಕೊಳ್ಳಿ. ರಾತ್ರಿ ಶಟರ್ ಎಳೆಯುವ ಮುಂಚೆ ಆ ದಿನದ ನಗದು ವ್ಯಾಪಾರ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಒಂದೇ ಸಾಲು ಸಾಕು. ಹೋಲ್‌ಸೇಲ್ ಬಿಲ್‌ಗಳನ್ನು ತಿಂಗಳವಾರು ಒಂದು ಫೈಲಿಗೆ ಹಾಕಿ. ಉದ್ರಿ ಕೊಟ್ಟಿದ್ದನ್ನೂ ಬರೆಯಿರಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಬೆಂಗಳೂರಿನ ಬೇಕರಿ, ಟೀ ಅಂಗಡಿ, ತರಕಾರಿ ಅಂಗಡಿಗಳಲ್ಲಿ "ನೋ ಯುಪಿಐ, ಓನ್ಲಿ ಕ್ಯಾಶ್" ಎಂಬ ಚೀಟಿಗಳು ಅಂಟಿದ್ದನ್ನು ನೀವೂ ನೋಡಿರುತ್ತೀರಿ. ಬಂಧುಗಳು ಕಳಿಸಿದ ಹಣವೂ ವ್ಯಾಪಾರದ ಹಣವೆಂದು ಎಣಿಕೆಯಾಗಿದೆ ಎಂದು ಆಗ ಅನೇಕರು ಅಳಲು ತೋಡಿಕೊಂಡರು. ಅದು ನಿಜವೇ ಇರಬಹುದು, ಆದರೆ ಒಂದೇ ಖಾತೆಯಲ್ಲಿ ಎಲ್ಲ ಬೆರೆತಿದ್ದರೆ ಬೇರ್ಪಡಿಸಿ ತೋರಿಸುವ ಹೊರೆ ನಮ್ಮ ಮೇಲೇ ಬೀಳುತ್ತದೆ. ಯುಪಿಐ ಬಿಟ್ಟು ನಗದಿಗೆ ಓಡುವುದು ಪರಿಹಾರವಲ್ಲ. ನಗದಾದರೂ ವ್ಯಾಪಾರ ವ್ಯಾಪಾರವೇ, ಅದಕ್ಕೂ ತೆರಿಗೆ ಇದೆ. ಆದಾಯ ತೆರಿಗೆಯಲ್ಲಂತೂ ನಗದಿಗೇ ಹೆಚ್ಚು.

ಹೇಗೆಂದರೆ, ಸಣ್ಣ ವ್ಯಾಪಾರಿಗಳಿಗೆ 44ಎಡಿ ಎಂಬ ಸೆಕ್ಷನ್ ಇದೆ. ವರ್ಷದ ವಹಿವಾಟು 2 ಕೋಟಿಯೊಳಗಿದ್ದರೆ, ಅಥವಾ ನಗದು 5% ಮೀರದಿದ್ದಾಗ 3 ಕೋಟಿಯೊಳಗಿದ್ದರೆ, ದೊಡ್ಡ ಲೆಕ್ಕದ ಪುಸ್ತಕಗಳಿಲ್ಲದೆ ಅಂದಾಜು ಲಾಭ ತೋರಿಸಬಹುದು. ಬ್ಯಾಂಕ್, ಯುಪಿಐ ಮೂಲಕ ಬಂದದ್ದಕ್ಕೆ ಕನಿಷ್ಠ 6%, ನಗದಿಗೆ ಕನಿಷ್ಠ 8%. ನಗದನ್ನು ತೆಗೆದುಕೊಂಡು ಹೋಗಿ ನೀವೇ ಬ್ಯಾಂಕಿಗೆ ಕಟ್ಟಿದರೂ ಅದು 8%ರ ಲೆಕ್ಕಕ್ಕೇ. ಕಮಿಷನ್ ಏಜೆಂಟರಿಗೆ ಈ ಅನುಕೂಲವಿಲ್ಲ.

ಒಂದು ಕಾಂಡಿಮೆಂಟ್ಸ್ ಅಂಗಡಿಯ ವಹಿವಾಟು 60 ಲಕ್ಷ ಎನ್ನಿ: ಯುಪಿಐ 45 ಲಕ್ಷ, ನಗದು 15 ಲಕ್ಷ. ಕನಿಷ್ಠ ಲಾಭ 2.70 ಲಕ್ಷ ಮತ್ತು 1.20 ಲಕ್ಷ ಸೇರಿ 3.90 ಲಕ್ಷ. ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. 6 ಮತ್ತು 8 ಕನಿಷ್ಠ ಮಾತ್ರ. ನಿಜವಾದ ಲಾಭ ಜಾಸ್ತಿ ಇದ್ದರೆ ಅದನ್ನೇ ತೋರಿಸಬೇಕು. ಆ ಅಂಗಡಿಯವರಿಗೆ ನಿಜವಾಗಿ 7 ಲಕ್ಷ ಉಳಿದಿದ್ದರೆ 7 ಲಕ್ಷ ಬರೆಯಿರಿ. 2025-26ರ ಆದಾಯಕ್ಕೆ ಹೊಸ ಪದ್ಧತಿಯಲ್ಲಿ (ದರ ಕಡಿಮೆ, ಕಡಿತಗಳೂ ಕಡಿಮೆ; ಹಳೆಯದರಲ್ಲಿ ಎರಡೂ ಹೆಚ್ಚು) 12 ಲಕ್ಷದವರೆಗೆ 87ಎ ಸೆಕ್ಷನ್‌ನ ರಿಯಾಯಿತಿಯಿಂದ ತೆರಿಗೆ ಸೊನ್ನೆಯಾಗುತ್ತದೆ. ಆದಾಯ 4 ಲಕ್ಷ ದಾಟಿದ್ದರೆ ತೆರಿಗೆ ಸೊನ್ನೆಯಾದರೂ ರಿಟರ್ನ್ ಸಲ್ಲಿಸಲೇಬೇಕು, ಅಷ್ಟೇ. ಮೂರು ಲಕ್ಷ ಮುಚ್ಚಿಟ್ಟು ಉಳಿಸುವುದು ಏನೂ ಇಲ್ಲ, ಕಳೆದುಕೊಳ್ಳುವುದು ಮಾತ್ರ ಇದೆ. ನಾಳೆ ಸೈಟಿಗೋ ಅಂಗಡಿ ವಿಸ್ತರಿಸಲೋ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಎರಡು ಮೂರು ವರ್ಷದ ರಿಟರ್ನ್ ಮುಂದಿಟ್ಟುಕೊಂಡು ಕೂರುತ್ತಾರೆ. ಕಷ್ಟಪಟ್ಟು ದುಡಿದವರು ಅಲ್ಲಿ ಸಪ್ಪೆ ಮುಖ ಹಾಕಿಕೊಂಡು ಎದ್ದು ಬರುವುದನ್ನು ಕಂಡು ನನಗೆ ನಿಜವಾಗಿ ಸಂಕಟವಾಗಿದೆ.

ಇದೇ ಅಂಗಡಿಗೆ ಜಿಎಸ್‌ಟಿ ನೋಂದಣಿಯೂ ಬೇಕು. ಬರೀ ಸರಕು ಮಾರುವವರಿಗೆ ಮಿತಿ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕನ್ನು ಮಾತ್ರ ಮಾರುವವರಿಗೆ ನೋಂದಣಿಯ ಅಗತ್ಯವಿಲ್ಲ. ಆದರೆ ಹಾಲಿನ ಜೊತೆ ಬಿಸ್ಕತ್ತನ್ನೂ ಮಾರಿದರೆ, 40 ಲಕ್ಷದ ಮಿತಿ ಎಣಿಸುವಾಗ ಹಾಲಿನ ವ್ಯಾಪಾರವೂ ಸೇರುತ್ತದೆ. ಹೆದರುವಂಥದ್ದೇನಿಲ್ಲ. 1.5 ಕೋಟಿಯೊಳಗಿನವರಿಗೆ ಕಾಂಪೊಸಿಷನ್ ಸ್ಕೀಮ್ ಇದೆ, ವ್ಯಾಪಾರಿಗಳಿಗೆ 1%, ಅದೂ ತೆರಿಗೆ ಇರುವ ಸರಕಿನ ಮೇಲೆ ಮಾತ್ರ. 60 ಲಕ್ಷದಲ್ಲಿ ಹಾಲು 15 ಲಕ್ಷ ಇದ್ದರೆ ವರ್ಷಕ್ಕೆ ಕಟ್ಟುವುದು 45,000. ಗಿರಾಕಿಯ ಹತ್ತಿರ ಅದನ್ನು ಬೇರೆಯಾಗಿ ವಸೂಲಿ ಮಾಡುವಂತಿಲ್ಲ, ಖರೀದಿಯ ಮೇಲೆ ಕಟ್ಟಿದ ತೆರಿಗೆಯ ಕ್ರೆಡಿಟ್ಟೂ ಸಿಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಕಟ್ಟಿ, ವರ್ಷಕ್ಕೊಂದು ರಿಟರ್ನ್ ಹಾಕಿದರೆ ಆಯಿತು.

ಕೈಸಾಲದ ಬಗ್ಗೆ ಒಂದು ಮಾತು: 20,000 ಅಥವಾ ಅದಕ್ಕಿಂತ ಹೆಚ್ಚು ಸಾಲವನ್ನು ನಗದಿನಲ್ಲಿ ತೆಗೆದುಕೊಳ್ಳಬೇಡಿ. ಸಾಲದಷ್ಟೇ ಮೊತ್ತದ ದಂಡ ಬೀಳಬಹುದು. ಸ್ವಂತ ಅಣ್ಣನೇ ಕೊಟ್ಟರೂ ಬ್ಯಾಂಕಿನ ಮೂಲಕವೇ ಬರಲಿ.

ವಕೀಲರು, ವೈದ್ಯರು, ಆರ್ಕಿಟೆಕ್ಟ್, ಇಂಟೀರಿಯರ್ ಡೆಕೊರೇಟರ್ ಮುಂತಾದವರಿಗೆ 44ಎಡಿಎ ಎಂಬ ಸೆಕ್ಷನ್ ಇದೆ. ಬಂದ ಫೀಸಿನ ಕನಿಷ್ಠ ಅರ್ಧ ಆದಾಯವೆಂದು ತೋರಿಸಬಹುದು. ಜಯನಗರದಲ್ಲಿ ಮನೆಯಿಂದಲೇ ಇಂಟೀರಿಯರ್ ಕೆಲಸ ಮಾಡುವ ಹೆಣ್ಣುಮಗಳಿಗೆ ಕಂಪನಿಗಳಿಂದ 18 ಲಕ್ಷ ಫೀಸು ಬಂದಿದೆ ಎಂದುಕೊಳ್ಳಿ. 10% ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಎಂದು 1.80 ಲಕ್ಷ ಆಗಲೇ ಮುರಿದಿರುತ್ತಾರೆ. ಬೇರೆ ಆದಾಯವಿಲ್ಲದೆ, ಖರ್ಚೂ ಅರ್ಧದಷ್ಟು ಆಗಿದ್ದರೆ ಆಕೆಯ ಆದಾಯ 9 ಲಕ್ಷ, ತೆರಿಗೆ ಸೊನ್ನೆ, 1.80 ಲಕ್ಷ ಪೂರ್ತಿ ವಾಪಸ್. ರಿಟರ್ನ್ ಹಾಕದಿದ್ದರೆ ಆ ದುಡ್ಡು ಅಲ್ಲೇ ಉಳಿಯುತ್ತದೆ.

ತೆರಿಗೆ ಬೀಳುವಷ್ಟು ಆದಾಯವಿದ್ದರೆ ಮುಂಗಡ ತೆರಿಗೆ (ವರ್ಷ ಮುಗಿಯುವ ಮೊದಲೇ ಕಟ್ಟುವುದು) ಮರೆಯಬೇಡಿ. ಟಿಡಿಎಸ್ ಕಳೆದು 10,000 ಅಥವಾ ಹೆಚ್ಚು ಉಳಿದರೆ, ಈ ಎರಡು ಅಂದಾಜು ಸೆಕ್ಷನ್‌ನವರು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬಹುದು. ತಪ್ಪಿದರೆ ಬಡ್ಡಿ.

ಇನ್ನು ಸಂಬಳದವರು. ಇವರಿಗೆ ನನ್ನ ಮೊದಲ ಮಾತು: ಟ್ಯಾಕ್ಸ್ ಉಳಿಸಲೆಂದು ಮಾರ್ಚ್‌ನಲ್ಲಿ ಇನ್ಶೂರೆನ್ಸ್ ಪಾಲಿಸಿ ಕೊಳ್ಳಬೇಡಿ. ಮೊದಲು ಎರಡೂ ಪದ್ಧತಿಯ ಲೆಕ್ಕ ಹಾಕಿ. ವರ್ಷಕ್ಕೆ 18 ಲಕ್ಷ ಸಂಬಳ, ಅದರಲ್ಲಿ ಬೇಸಿಕ್ 7.20 ಲಕ್ಷ, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) 2.88 ಲಕ್ಷ, ತಿಂಗಳಿಗೆ 25,000 ಬಾಡಿಗೆ ಎನ್ನಿ. ಐಟಿ ಊರಾದರೂ 2025-26ರ ಎಚ್‌ಆರ್‌ಎ ಲೆಕ್ಕದಲ್ಲಿ ಬೆಂಗಳೂರಿಗೆ ಬೇಸಿಕ್‌ನ 40% ಮಿತಿ. 50% ಇದ್ದದ್ದು ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗೆ. ಸಿಕ್ಕ ಎಚ್‌ಆರ್‌ಎ, ಈ ಮಿತಿ, ಬಾಡಿಗೆಯಲ್ಲಿ ಬೇಸಿಕ್‌ನ 10% ಕಳೆದ ಮೊತ್ತ, ಈ ಮೂರರಲ್ಲಿ ಕಡಿಮೆ ಇರುವುದಕ್ಕೇ ವಿನಾಯಿತಿ. ಇಲ್ಲಿ ಕೊನೆಯದೇ ಕಡಿಮೆ, ಹಾಗಾಗಿ ವಿನಾಯಿತಿ 2.28 ಲಕ್ಷ. ಹಳೆ ಪದ್ಧತಿಯಲ್ಲಿ ಅದರ ಜೊತೆಗೆ ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದವರಿಗೆಲ್ಲ ಸಿಗುವ ಕಡಿತ) 50,000, 80ಸಿ (ಪಿಎಫ್, ಜೀವವಿಮೆಯಂಥ ಉಳಿತಾಯ) 1.50 ಲಕ್ಷ, ಆರೋಗ್ಯ ವಿಮೆ 25,000, ವೃತ್ತಿ ತೆರಿಗೆ 2,500 ಎಲ್ಲ ಕಳೆದರೂ ಸೆಸ್ ಸೇರಿ ತೆರಿಗೆ 2,24,484. ಹೊಸದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಮಾತ್ರ ಕಳೆದು 1,50,800. ಮನೆ ಸಾಲದ ಬಡ್ಡಿ 2 ಲಕ್ಷ ಸೇರಿಸಿದರೂ ಹಳೆಯದು 1,62,084ಕ್ಕೆ ಇಳಿಯುತ್ತದೆಯೇ ಹೊರತು ಹೊಸದನ್ನು ಗೆಲ್ಲುವುದಿಲ್ಲ. ಬಾಡಿಗೆ ತುಂಬ ಹೆಚ್ಚಿರುವವರಿಗೆ ಫಲ ಬೇರೆ ಬರಬಹುದು, ಅದಕ್ಕೇ ನಿಮ್ಮ ಅಂಕಿಗಳನ್ನೇ ಹಾಕಿ ನೋಡಿ. ಸಂಬಳದವರು ಪ್ರತಿ ವರ್ಷ ಪದ್ಧತಿ ಬದಲಿಸಬಹುದು. ವ್ಯಾಪಾರದ ಆದಾಯವಿರುವವರಿಗೆ ಆ ಸಲಿಗೆ ಇಲ್ಲ: ಹಳೆಯದಕ್ಕೆ ಹೋಗಲು ಗಡುವಿನೊಳಗೆ 10-ಐಇಎ ಫಾರಂ ಬೇಕು, ಹೊಸದಕ್ಕೆ ಮರಳಲು ಒಂದೇ ಅವಕಾಶ.

ಷೇರು ಮಾರಿದವರು ಗಮನಿಸಿ. ಹೊಸ ಪದ್ಧತಿಯಲ್ಲಿ ಆ ಲಾಭಕ್ಕೆ 87ಎ ರಿಯಾಯಿತಿ ಅನ್ವಯಿಸುವುದಿಲ್ಲ. ಲಿಸ್ಟೆಡ್ ಷೇರನ್ನು ವರ್ಷದೊಳಗೆ ಮಾರಿದ್ದರೆ 20%, ವರ್ಷ ದಾಟಿ ಮಾರಿದ್ದರೆ 1.25 ಲಕ್ಷ ಮೀರಿದ ಲಾಭಕ್ಕೆ 12.5%.

ರಿಟರ್ನನ್ನು ಏಪ್ರಿಲ್‌ನಲ್ಲೇ ಹಾಕುವ ಆತುರ ಬೇಡ. ಜನವರಿಯಿಂದ ಮಾರ್ಚ್‌ವರೆಗಿನ ಟಿಡಿಎಸ್ ವಿವರ ಕೊಡಲು ಕಂಪನಿಗಳಿಗೆ ಮೇ 31ರವರೆಗೆ ಸಮಯವಿದೆ, ಫಾರಂ 16 (ಸಂಬಳ ಮತ್ತು ಟಿಡಿಎಸ್ ಪ್ರಮಾಣಪತ್ರ) ಬರುವುದು ಜೂನ್ 15ರ ಹೊತ್ತಿಗೆ. ಆಮೇಲೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ 26ಎಎಸ್ (ನಿಮ್ಮ ಹೆಸರಿನಲ್ಲಿ ಮುರಿದ ತೆರಿಗೆಯ ಪಟ್ಟಿ) ಮತ್ತು ಎಐಎಸ್ (ಬಡ್ಡಿ, ಷೇರು ಮುಂತಾದ ವಹಿವಾಟಿನ ಪಟ್ಟಿ) ಇಳಿಸಿಕೊಂಡು ನಿಮ್ಮ ಪಾಸ್‌ಬುಕ್ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ತಾಳೆ ನೋಡಿ. ಮರೆತ ಎಫ್‌ಡಿಯ ಬಡ್ಡಿ, ಹಳೇ ಸಂಬಳದ ಖಾತೆಯ ಬಡ್ಡಿ ಅಲ್ಲೇ ಸಿಗುತ್ತವೆ. ನಿಮ್ಮದಲ್ಲದ ಮೊತ್ತ ಕಂಡರೆ ಎಐಎಸ್‌ನಲ್ಲೇ ಫೀಡ್‌ಬ್ಯಾಕ್ ಕೊಡಿ, ಸುಮ್ಮನೆ ಬಿಡಬೇಡಿ. 2026 ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, ಆದರೆ 2025-26ರ ಆದಾಯಕ್ಕೆ 1961ರ ಕಾಯ್ದೆಯೇ. ನಾನು ಹೇಳಿದ ಸೆಕ್ಷನ್ ನಂಬರುಗಳೂ ಅದರವೇ.

ಸರಳ ಸಂಬಳಕ್ಕೆ ಐಟಿಆರ್-1 ಎಂಬ ರಿಟರ್ನ್ ಫಾರಂ, ಅಂದಾಜು ಸೆಕ್ಷನ್‌ನವರಿಗೆ ಐಟಿಆರ್-4. ಸಂಬಳದವರ ಗಡುವು ಜುಲೈ 31. ತಡವಾದರೆ 5,000 ಶುಲ್ಕ, ಆದಾಯ 5 ಲಕ್ಷದೊಳಗಿದ್ದರೆ 1,000. ಅಂಗಡಿಯವರೂ ಜೂನ್ ಕೊನೆಗೇ ಮುಗಿಸಿಕೊಳ್ಳುವುದು ಒಳ್ಳೆಯದು. ಕೊನೆಯ ವಾರ ಓಟಿಪಿ ಬರುವುದೂ ನಿಧಾನವಾಗಿರುತ್ತದೆ.

ಸಲ್ಲಿಸಿದ ಮೇಲೆ 30 ದಿನದೊಳಗೆ ಇ-ವೆರಿಫೈ (ಓಟಿಪಿ ಮುಂತಾದವುಗಳಿಂದ ಆನ್‌ಲೈನ್ ದೃಢೀಕರಣ) ಮಾಡದಿದ್ದರೆ, ವೆರಿಫೈ ಮಾಡಿದ ದಿನವೇ ಸಲ್ಲಿಸಿದ ದಿನವೆಂದು ಲೆಕ್ಕ. ಆಧಾರ್‌ಗೆ ಸೇರಿದ ಮೊಬೈಲ್ ನಂಬರು ಚಾಲ್ತಿಯಲ್ಲಿದೆಯೇ, ರಿಫಂಡ್ ಬರುವ ಬ್ಯಾಂಕ್ ಖಾತೆ ಪೋರ್ಟಲ್‌ನಲ್ಲಿ ಪ್ರಿ-ವ್ಯಾಲಿಡೇಟ್ (ಮುಂಚಿತ ದೃಢೀಕರಣ) ಆಗಿದೆಯೇ, ಮುಂಚೆಯೇ ನೋಡಿಕೊಳ್ಳಿ. ಓಟಿಪಿ ಬಾರದ ಹಿರಿಯರಿದ್ದರೆ ಐಟಿಆರ್-ವಿ ಎಂಬ ಸ್ವೀಕೃತಿ ಪತ್ರಕ್ಕೆ ಸಹಿ ಹಾಕಿಸಿ ಸ್ಪೀಡ್ ಪೋಸ್ಟ್‌ನಲ್ಲಿ ಸಿಪಿಸಿ (ರಿಟರ್ನ್‌ಗಳನ್ನು ಪರಿಶೀಲಿಸುವ ಕೇಂದ್ರ), ಬೆಂಗಳೂರು 560500ಕ್ಕೆ ಕಳಿಸಬಹುದು. ದೇಶದ ಎಲ್ಲರ ರಿಟರ್ನ್‌ಗೂ ಅದೇ ವಿಳಾಸ. ಆಮೇಲೆ ಇಮೇಲ್‌ಗೆ 143(1) ಎಂಬ ಸೂಚನಾ ಪತ್ರ ಬರುತ್ತದೆ. ಅದರಲ್ಲಿ ನೀವು ಕೊಟ್ಟ ಅಂಕಿ ಮತ್ತು ಅವರು ಲೆಕ್ಕ ಹಾಕಿದ ಅಂಕಿ ಅಕ್ಕಪಕ್ಕದಲ್ಲಿರುತ್ತವೆ. ಎರಡೂ ಒಂದೇ ಇದ್ದರೆ ಪ್ರಿಂಟ್ ತೆಗೆದು ಆ ವರ್ಷದ ಬಿಲ್ ಫೈಲಿಗೆ ಸೇರಿಸಿ. ಬೇರೆ ಇದ್ದರೆ ಯಾವ ಸಾಲಿನಲ್ಲಿ ಎಂದು ಗುರುತು ಹಾಕಿಕೊಂಡು ನಿಮ್ಮ ಲೆಕ್ಕದವರ ಹತ್ತಿರ ಆ ವಾರವೇ ಹೋಗಿ.