ಹಳೇ ಕ್ವಾಡ್‌ಗೆ ಮೊದಲು ಬ್ರೇಕು, ಆಮೇಲೆ ಇಂಜಿನ್ನು

ಕಳೆದ ಫೆಬ್ರವರಿಯಲ್ಲಿ ನಾನೊಂದು ಹಳೇ ಸ್ಪೋರ್ಟ್ ಕ್ವಾಡ್ ಕೊಂಡೆ. 2001ರ ಹೋಂಡಾ ಟಿಆರ್‌ಎಕ್ಸ್ 400 ಇಎಕ್ಸ್. ನೋಡದೇ ಇರೋರಿಗೆ ಹೇಳ್ತೀನಿ: ಚಕ್ರ ನಾಲ್ಕು, ಆದರೆ ಸೀಟು, ಹ್ಯಾಂಡಲ್ಲು, ಕಾಲಲ್ಲಿ ಹಾಕೋ ಐದು ಗೇರು, ಕೈಯಲ್ಲಿ ಹಿಡಿಯೋ ಕ್ಲಚ್ಚು ಎಲ್ಲಾ ಬೈಕಿನ ಹಾಗೇ. ಆಕ್ಸಿಲರೇಟರ್ ಮಾತ್ರ ತಿರುಗಿಸೋದಲ್ಲ, ಹೆಬ್ಬೆರಳಲ್ಲಿ ಒತ್ತೋದು. ನಾನಿರೋದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಇಲ್ಲಿಂದ ಮೂರು ಗಂಟೆಗೂ ಜಾಸ್ತಿ ದಕ್ಷಿಣಕ್ಕೆ ಹೋದರೆ ಪಿಸ್ಮೋ ಬೀಚ್ ಪಕ್ಕ ಓಶಿಯಾನೋ ಡ್ಯೂನ್ಸ್ ಸಿಗುತ್ತೆ. ಸಮುದ್ರದ ಪಕ್ಕದಲ್ಲೇ ಮರಳುಗುಡ್ಡಗಳು. ಅಲ್ಲಿ ಒಂದು ಸಲ ಗೆಳೆಯರ ಕ್ವಾಡ್ ಓಡಿಸಿದ ಮೇಲೆ ನನ್ನದೇ ಒಂದು ಬೇಕು ಅನ್ನಿಸಿತ್ತು.

ಈ ಮಾಡೆಲ್ಲನ್ನೇ ಹುಡುಕಿದ್ದಕ್ಕೆ ಕಾರಣ ಇದೆ. ಹೋಂಡಾ ಇದನ್ನು ತಂದಿದ್ದು 1999ರಲ್ಲಿ. 397 ಸಿಸಿ, ಒಂದೇ ಸಿಲಿಂಡರ್. ಗಾಳಿಯಲ್ಲೇ ತಣ್ಣಗಾಗೋ ಇಂಜಿನ್ನು, ಜೊತೆಗೆ ಒಂದು ಸಣ್ಣ ಆಯಿಲ್ ಕೂಲರ್. ರೇಡಿಯೇಟರ್ ಇಲ್ಲ, ನೀರಿನ ಪಂಪ್ ಇಲ್ಲ. ಇದರ ಇಂಜಿನ್ನು ಎಕ್ಸ್‌ಆರ್ 400 ಬೈಕಿನ ಇಂಜಿನ್ನಿನ ಬಳಗದ್ದು. ಬಿಡಿಭಾಗ ಇವತ್ತಿಗೂ ಸಿಗುತ್ತೆ. ರಿವರ್ಸ್ ಗೇರ್ ಬಂದಿದ್ದು 2005ರಿಂದ, ನನ್ನದಕ್ಕೆ ಇಲ್ಲ. ಗುಂಡಿಗೆ ಮೂತಿ ತೂರಿಸಿದರೆ ಇಳಿದು ಹಿಂದಕ್ಕೆ ಎಳೀಬೇಕು.

ಮಾರಿದವರ ಶೆಡ್ಡಿನಲ್ಲಿ ಅದು ನಾಲ್ಕು ವರ್ಷ ಸುಮ್ನೆ ನಿಂತಿತ್ತು. "ನಿಲ್ಲಿಸೋವಾಗ ಚೆನ್ನಾಗೇ ಓಡ್ತಿತ್ತು" ಅಂದರು. ಹಳೇ ಗಾಡಿ ಮಾರೋರು ಎಲ್ಲ ಊರಲ್ಲೂ ಹೇಳೋ ಮಾತು ಇದು. ಸುಳ್ಳೇನಲ್ಲ, ಆದರೆ ನಿಂತ ನಾಲ್ಕು ವರ್ಷದಲ್ಲಿ ಏನಾಯ್ತು ಅಂತ ಅದು ಹೇಳಲ್ಲ. ದುಡ್ಡು ಕೊಡೋ ಮೊದಲು ಫ್ರೇಮ್ ಮೇಲಿನ ನಂಬರು, ಕಾಗದದ ಮೇಲಿನ ನಂಬರು ಎರಡನ್ನೂ ಒಂದೊಂದೇ ಅಕ್ಷರ ಹೋಲಿಸಿ ನೋಡಿದೆ. ಇದನ್ನು ಯಾರೂ ಬಿಡಬೇಡಿ.

ಮನೆಗೆ ತಂದ ರಾತ್ರಿಯೇ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿ ನೋಡೋ ಆಸೆ. ಮೈಸೂರಿನಲ್ಲಿರೋ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅಪ್ಪ ಮೈಸೂರಿನಲ್ಲೇ ತಯಾರಾದ ಯೆಜ್ಡಿಯನ್ನು ಇಪ್ಪತ್ತೈದು ವರ್ಷ ಓಡಿಸಿದವರು. 1996ರಲ್ಲಿ ಫ್ಯಾಕ್ಟರಿ ಮುಚ್ಚಿದ ಮೇಲೂ ತಾವೇ ರಿಪೇರಿ ಮಾಡಿಕೊಂಡು ಓಡಿಸಿದರು. ಇಂಜಿನ್ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲ.

"ಬ್ರೇಕ್ ನೋಡಿದ್ಯೇನೋ?"

"ಇಲ್ಲಪ್ಪ, ಮೊದಲು ಸ್ಟಾರ್ಟ್ ಆಗುತ್ತಾ ನೋಡೋಣ ಅಂತ..."

"ಸ್ಟಾರ್ಟ್ ಆಗದೇ ಇದ್ರೆ ಮನೇಲಿರ್ತೀಯ. ನಿಲ್ಲದೇ ಇದ್ರೆ ಏನು ಮಾಡ್ತೀಯ?"

ಆ ರಾತ್ರಿ ಬ್ಯಾಟರಿ ಹಾಕಲೇ ಇಲ್ಲ. ಮುಂದಿನ ನಾಲ್ಕು ವಾರಾಂತ್ಯ ನಾನು ಮಾಡಿದ್ದೆಲ್ಲ ಆ ಕ್ರಮದಲ್ಲೇ: ನಿಲ್ಲಿಸೋದು, ತಿರುಗಿಸೋದು, ಚಕ್ರ ಹಿಡಿದಿಡೋದು ಮೊದಲು. ಓಡಿಸೋದು ಕೊನೆಗೆ.

ಬ್ರೇಕು ಮೂರೂ ಡಿಸ್ಕ್. ಮುಂದೆ ಎರಡು, ಹಿಂದೆ ಆಕ್ಸಲ್ ಮೇಲೆ ಒಂದು. ಆಯಿಲ್ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಗಟ್ಟಿ ಡಿಕಾಕ್ಷನ್ ಬಣ್ಣ. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಎಳಕೊಳ್ಳುತ್ತೆ. ಬಿಸಿಯಾದಾಗ ಆ ನೀರು ಆವಿಯಾಗಿ ಲಿವರ್ ಮೆತ್ತಗಾಗುತ್ತೆ. ಪೂರ್ತಿ ತೆಗೆದು ಹೊಸ ಡಾಟ್ 4 ಹಾಕಿದೆ. ಬ್ಲೀಡ್ ಮಾಡೋಕೆ, ಅಂದರೆ ಪೈಪಿನೊಳಗಿನ ಗಾಳಿ ಹೊರಗೆ ತೆಗೆಯೋಕೆ, ಇಬ್ಬರು ಬೇಕು. ಹೆಂಡತಿ ಲಿವರ್ ಹತ್ತಿರ, ನಾನು ಡಿಸ್ಕಿಗೆ ಪ್ಯಾಡ್ ಒತ್ತೋ ಕ್ಯಾಲಿಪರ್ ಹತ್ತಿರ. "ಒತ್ತು. ಹಿಡ್ಕೊ." ನಿಪ್ಪಲ್ ಸಡಿಲ ಮಾಡಿ, ಬಿಗಿ ಮಾಡಿ, "ಈಗ ಬಿಡು." ನಲವತ್ತು ಸಲ ಆದ ಮೇಲೆ ಅವಳೇ ಹೇಳಿದಳು, "ರೀ, ಈಗ ಕಲ್ಲಿನ ಹಾಗಿದೆ." ಆಗ ನಿಲ್ಲಿಸಿದೆವು. ಆ ಆಯಿಲ್ ಪೇಂಟ್ ತಿನ್ನುತ್ತೆ, ಪಕ್ಕದಲ್ಲೇ ಒದ್ದೆ ಬಟ್ಟೆ ಇಟ್ಟುಕೊಳ್ಳಿ. ಹಿಂದಿನ ಕ್ಯಾಲಿಪರ್ ಜಾರೋ ಪಿನ್ನುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಅದಕ್ಕೇ ಒಂದು ಪ್ಯಾಡ್ ಸವೆದು ಹೋಗಿತ್ತು, ಇನ್ನೊಂದು ಹೊಸದರ ಹಾಗಿತ್ತು. ಪಿನ್ ಉಜ್ಜಿ, ಗ್ರೀಸ್ ಹಚ್ಚಿ, ಪ್ಯಾಡ್ ಎರಡೂ ಬದಲಾಯಿಸಿದೆ.

ಆಮೇಲೆ ಮುಂದಿನ ಚಕ್ರ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ಎತ್ತಿ, ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ. ಅಲುಗಲಿಲ್ಲ. ಅಂದರೆ ಬಾಲ್ ಜಾಯಿಂಟು, ಬೇರಿಂಗು ಸದ್ಯಕ್ಕೆ ಸರಿ ಇವೆ. ಎಡಕ್ಕೆ ಬಲಕ್ಕೆ ಹಿಡಿದು ಅಲ್ಲಾಡಿಸಿದಾಗ ಎಡಗಡೆ ಚಕ್ರದಲ್ಲಿ 'ಟಕ್' ಅಂತು. ಕಿವಿಗಿಂತ ಬೆರಳಿಗೆ ಚೆನ್ನಾಗಿ ಗೊತ್ತಾಯ್ತು. ಒಂದು ಕೈ ಟೈರ್ ಮೇಲೆ, ಇನ್ನೊಂದು ಕೈಯ ಎರಡು ಬೆರಳು ಟೈ ರಾಡ್ (ಹ್ಯಾಂಡಲ್ ತಿರುವನ್ನು ಚಕ್ರಕ್ಕೆ ಮುಟ್ಟಿಸೋ ಸರಳು) ತುದಿಯ ಮೇಲೆ ಇಟ್ಟು ಮತ್ತೆ ಅಲ್ಲಾಡಿಸಿದೆ. ರಬ್ಬರ್ ಬೂಟ್ ಹರಿದಿತ್ತು, ಒಳಗೆ ಗ್ರೀಸಿನ ಜಾಗದಲ್ಲಿ ಕಂದು ಪುಡಿ. ಗುಂಡು ತನ್ನ ಗೂಡಿನಲ್ಲಿ ಕೂದಲೆಳೆಯಷ್ಟು ಆಡ್ತಿತ್ತು. ಅದು ಕಳಚಿಕೊಂಡರೆ ಹ್ಯಾಂಡಲ್ ಒಂದು ಕಡೆ, ಚಕ್ರ ಇನ್ನೊಂದು ಕಡೆ. ಇಂಜಿನ್ ಸ್ಟಾರ್ಟ್ ಮಾಡಿ ಖುಷಿಯಲ್ಲಿ ಬೀದಿಗೆ ಹೋಗಿದ್ದರೆ ಇದು ನನಗೆ ಸಿಗುತ್ತಿರಲಿಲ್ಲ.

ಎರಡೂ ಕಡೆಯ ಟೈ ರಾಡಿನ ನಾಲ್ಕೂ ತುದಿ ಹೊಸದು ಹಾಕಿದೆ. ಇಲ್ಲಿ ಎರಡು ಮಾತು. ಟೈ ರಾಡ್‌ನ ಒಂದು ತುದಿ ಮಾಮೂಲಿ ಥ್ರೆಡ್, ಇನ್ನೊಂದು ತುದಿ ಎಡ ಥ್ರೆಡ್, ಅಂದರೆ ಉಲ್ಟಾ ತಿರುಗುತ್ತೆ. ಗೊತ್ತಿಲ್ಲದೆ ಬಲ ಹಾಕಿದರೆ ಇನ್ನೂ ಬಿಗಿಯಾಗುತ್ತೆ. ಇನ್ನೊಂದು, ಹಳೇದು ಬಿಚ್ಚೋವಾಗ ಎಷ್ಟು ಸುತ್ತು ತಿರುಗಿಸಿದ ಮೇಲೆ ಬಂತು ಅಂತ ಎಣಿಸಿ ಬರೆದಿಡಿ, ಹೊಸದನ್ನು ಅಷ್ಟೇ ಸುತ್ತು ಹಾಕಿ. ಆಮೇಲೆ ಟೇಪ್ ಹಿಡಿದು ಎರಡು ಮುಂದಿನ ಟೈರುಗಳ ಮಧ್ಯದ ಅಂತರ ಅಳೆದೆ. ಆಕ್ಸಲ್ ಎತ್ತರದಲ್ಲಿ ಮುಂಭಾಗಕ್ಕೊಂದು, ಹಿಂಭಾಗಕ್ಕೊಂದು. ಟೈರಿನ ನಡುವೆ ಚಾಕ್‌ಪೀಸಿನಲ್ಲಿ ಗುರುತು ಮಾಡಿಕೊಂಡರೆ ಸುಲಭ. ಮುಂದಿನ ಅಳತೆ ಹಿಂದಿನದಕ್ಕಿಂತ ಸ್ವಲ್ಪ ಕಮ್ಮಿ ಇರಬೇಕು. ಜಾಸ್ತಿ ಇದ್ದರೆ ನೇರ ದಾರಿಯಲ್ಲೂ ಮೂತಿ ಅತ್ತಿತ್ತ ಓಡಾಡುತ್ತೆ.

ಹಿಂದಿನ ಆಕ್ಸಲ್ ಒಂದೇ ಗಟ್ಟಿ ಸರಳು. ಡಿಫರೆನ್ಶಿಯಲ್ ಇಲ್ಲ, ಎರಡೂ ಚಕ್ರ ಒಟ್ಟಿಗೇ ಸುತ್ತುತ್ತವೆ. ಅದನ್ನು ಜಾಗದಲ್ಲಿ ಹಿಡಿದಿಡೋದು ಒಂದಕ್ಕೊಂದು ಒತ್ತಿ ಲಾಕ್ ಆಗೋ ಎರಡು ದೊಡ್ಡ ನಟ್ಟು. ನನ್ನ ಗಾಡಿಯಲ್ಲಿ ಹೊರಗಿನದು ಕೈಯಲ್ಲೇ ತಿರುಗ್ತಿತ್ತು! ಹಾಗೇ ಓಡಿಸಿದರೆ ಆಕ್ಸಲ್ ಮೇಲಿನ ಹಲ್ಲು ಸವೆದು ಆಕ್ಸಲ್ಲೇ ಹಾಳಾಗುತ್ತೆ. ಥ್ರೆಡ್ ಒರೆಸಿ, ಥ್ರೆಡ್‌ಲಾಕರ್ (ನಟ್ಟು ಸಡಿಲವಾಗದ ಹಾಗೆ ಹಿಡಿಯೋ ಅಂಟು) ಹಾಕಿ, ಮ್ಯಾನುವಲ್‌ನಲ್ಲಿ ಹೇಳಿದ ಅಳತೆಗೆ ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿದೆ. ಈ ಗಾಡಿಗೆ ನೀವು ಬೇರೇನೂ ಕೊಳ್ಳದೇ ಇದ್ದರೂ ಸರಿ, ಸರ್ವಿಸ್ ಮ್ಯಾನುವಲ್ ಒಂದು ಕೊಳ್ಳಿ. ಚೈನು, ಸ್ಪ್ರಾಕೆಟ್ ಎರಡೂ ಸವೆದಿದ್ದವು. ಸೆಟ್ಟೇ ಬದಲಾಯಿಸಿದೆ.

ಟೈರಿನ ಗಾಳಿ ಕಾರಿನ ಲೆಕ್ಕದಲ್ಲಿಲ್ಲ. ಬರೀ 4 ಪಿಎಸ್‌ಐ ಆಸುಪಾಸು. ಕಾರಿನ ಗೇಜ್ ಅಷ್ಟು ಕೆಳಗೆ ಸರಿಯಾಗಿ ತೋರಿಸಲ್ಲ. ಕಮ್ಮಿ ಒತ್ತಡದ ಬೇರೆ ಗೇಜ್ ಸಿಗುತ್ತೆ, ಅದನ್ನೇ ತಗೊಳ್ಳಿ. ಹಿಂದಿನ ಎರಡು ಟೈರಲ್ಲಿ ಗಾಳಿ ಹೆಚ್ಚುಕಮ್ಮಿಯಾದರೆ ಒಂದರ ಸುತ್ತಳತೆ ದೊಡ್ಡದಾಗಿ ಗಾಡಿ ಒಂದು ಕಡೆಗೆ ಎಳೆಯುತ್ತೆ. ಆಗ ಎಷ್ಟೋ ಜನ ಸ್ಟೀರಿಂಗ್ ಬಿಚ್ಚೋಕೆ ಕೂರ್ತಾರೆ.

ಮೂರನೇ ವಾರ ಇಂಜಿನ್ ಕಡೆ ಬಂದೆ. ಏರ್ ಫಿಲ್ಟರ್ ಮುಟ್ಟಿದರೆ ಸ್ಪಾಂಜ್ ಕೈಯಲ್ಲೇ ಪುಡಿಯಾಯ್ತು, ಡಬ್ಬಿಯ ಮೂಲೆಯಲ್ಲಿ ಇಲಿ ಗೂಡು. ಎಲ್ಲ ಗುಡಿಸಿ ಹೊಸ ಫಿಲ್ಟರಿಗೆ ಫಿಲ್ಟರ್ ಆಯಿಲ್ ಹಚ್ಚಿ ಕೂರಿಸಿದೆ. ಮರಳಿನಲ್ಲಿ ಓಡೋ ಗಾಡಿಗೆ ಇದರಲ್ಲಿ ಉಳಿತಾಯ ಬೇಡ.

ಇಂಜಿನ್ ಆಯಿಲ್ ಬೇರೆ ಟ್ಯಾಂಕಿನಲ್ಲಿರುತ್ತೆ. ಅದಕ್ಕೇ ಹಳೇ ಆಯಿಲ್ ತೆಗೆಯೋವಾಗ ಇಂಜಿನ್ನಿನ ಬೋಲ್ಟೂ ಬಿಚ್ಚಬೇಕು, ಟ್ಯಾಂಕಿನ ಬೋಲ್ಟೂ ಬಿಚ್ಚಬೇಕು. ಬಹಳ ದಿನ ನಿಂತ ಗಾಡಿಯಲ್ಲಿ ಟ್ಯಾಂಕಿನ ಆಯಿಲ್ ಮೆಲ್ಲಗೆ ಇಂಜಿನ್ನಿಗೆ ಇಳಿದಿರುತ್ತೆ. ಡಿಪ್‌ಸ್ಟಿಕ್ ಒಣಗಿರುತ್ತೆ. ಅದನ್ನು ನೋಡಿ ಗಾಬರಿಯಾಗಿ ಇನ್ನೊಂದು ಲೀಟರ್ ಸುರಿಯಬೇಡಿ. ಕೆಲವು ನಿಮಿಷ ಓಡಿಸಿ, ನಿಲ್ಲಿಸಿ, ಆಮೇಲೆ ನೋಡಬೇಕು.

ಟ್ಯಾಪೆಟ್ ಅಡ್ಜಸ್ಟ್ ಮಾಡೋದು, ಅಂದರೆ ವಾಲ್ವಿಗೂ ಅದನ್ನು ಒತ್ತೋ ತುಂಡಿಗೂ ನಡುವಿನ ಸಂದು ಸರಿಮಾಡೋದು, ಇಂಜಿನ್ ಪೂರ್ತಿ ತಣ್ಣಗಿರುವಾಗ. ನಾಲ್ಕು ವಾಲ್ವು, ಇನ್‌ಟೇಕಿಗೆ 0.10 ಮಿ.ಮೀ., ಎಕ್ಸಾಸ್ಟಿಗೆ 0.12 ಮಿ.ಮೀ. ಒಂದು ಎಕ್ಸಾಸ್ಟ್ ವಾಲ್ವಿಗೆ, ಸಂದು ಅಳೆಯೋ ಫೀಲರ್ ಗೇಜ್ ತೂರಲೇ ಇಲ್ಲ. ಕಟಕಟ ಅನ್ನೋ ಟ್ಯಾಪೆಟ್ ಕೇಳಿಸುತ್ತೆ, ಸರಿಮಾಡ್ತೀವಿ. ಬಿಗಿಯಾದದ್ದು ಸದ್ದೇ ಮಾಡಲ್ಲ. ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟು ಹೋಗುತ್ತೆ.

ಹೊಸ ಬ್ಯಾಟರಿ, ಹೊಸ ಪ್ಲಗ್, ಹೊಸ ಪೆಟ್ರೋಲ್. ಕಿಕ್ಕರ್ ಇಲ್ಲದ ಗಾಡಿ ಇದು, ಬ್ಯಾಟರಿ ಗಟ್ಟಿ ಇರಲೇಬೇಕು. ಚೋಕ್ ಹಾಕಿದರೆ ಸ್ಟಾರ್ಟ್ ಆಯ್ತು. ಚೋಕ್ ತೆಗೆದ ತಕ್ಷಣ ಆಫ್. ನಾಲ್ಕು ಸಲವೂ ಹಾಗೇ. ಇದು ಪೈಲಟ್ ಜೆಟ್, ಅಂದರೆ ಕಾರ್ಬೊರೇಟರಿನಲ್ಲಿ ಐಡಲ್‌ಗೆ ಪೆಟ್ರೋಲ್ ಬಿಡೋ ಸಣ್ಣ ತೂತಿನ ತುಂಡು, ಕಟ್ಟಿಕೊಂಡಿರೋದರ ಲಕ್ಷಣ. ಇಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇಕಡಾ 10ರಷ್ಟು ಎಥನಾಲ್ ಇರುತ್ತೆ. ನಿಂತಲ್ಲೇ ಆರಿ ಅಂಟು ಬಿಡುತ್ತೆ. ನಮ್ಮೂರಲ್ಲಿ ಈಗ ಶೇಕಡಾ 20 ಬಂದಿದೆ, ಬೈಕ್ ಮೂಲೆಗೆ ನಿಲ್ಲಿಸೋರು ಕಾರ್ಬೊರೇಟರಿನ ಪೆಟ್ರೋಲ್ ಖಾಲಿ ಮಾಡಿ ನಿಲ್ಲಿಸೋದು ಒಳ್ಳೇದು.

ಕಾರ್ಬೊರೇಟರ್ ಇಳಿಸಿ ಜೆಟ್ ಬಿಚ್ಚಿದೆ. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡ ಹಿತ್ತಾಳೆ ತುಂಡು. ಟ್ಯೂಬ್‌ಲೈಟಿಗೆ ಹಿಡಿದು ಒಂದು ಕಣ್ಣಲ್ಲಿ ನೋಡಿದರೆ ಕತ್ತಲು. ಕ್ಲೀನರಿನಲ್ಲಿ ರಾತ್ರಿ ನೆನೆಹಾಕಿದೆ. ಬೆಳಗ್ಗೆ ವೈರಿನಿಂದ ಒಂದೇ ಒಂದು ತಾಮ್ರದ ಎಳೆ ಬಿಡಿಸಿ ಮೆಲ್ಲಗೆ ತೂರಿಸಿ, ಗಾಳಿ ಹೊಡೆದೆ. ಮತ್ತೆ ದೀಪಕ್ಕೆ ಹಿಡಿದಾಗ ಸೂಜಿಮೊನೆಯಷ್ಟು ಬೆಳಕು ಕಾಣಿಸಿತು, ದುಂಡಗೆ. ಸ್ಟೀಲ್ ತಂತಿ ಹಾಕಬೇಡಿ, ತೂತು ದೊಡ್ಡದಾದರೆ ಜೆಟ್ ಎಸೆಯಬೇಕು. ಜೋಡಿಸಿ ಸ್ಟಾರ್ಟ್ ಮಾಡಿದೆ. ಚೋಕ್ ತೆಗೆದ ಮೇಲೂ ಇಂಜಿನ್ನು ನಿಲ್ಲದೆ ಒಂದೇ ಲಯದಲ್ಲಿ ಓಡ್ತಾ ಇತ್ತು. ಅಪ್ಪನಿಗೆ ಫೋನಿನಲ್ಲಿ ಬರೀ ಆ ಸದ್ದು ಕೇಳಿಸಿದೆ. ಅವರು ಒಂದು ನಿಮಿಷ ಏನೂ ಮಾತಾಡಲಿಲ್ಲ.

ಹೊರಗೆ ತರೋ ಮೊದಲು ಇನ್ನೊಂದು ಪರೀಕ್ಷೆ. ಇಂಜಿನ್ ಐಡಲ್‌ನಲ್ಲಿರುವಾಗ ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಇಂಜಿನ್ ಸದ್ದು ಏರಬಾರದು. ಏರಿದರೆ ಕೇಬಲ್ ಎಲ್ಲೋ ಎಳೀತಿದೆ. ಹೆಬ್ಬೆರಳು ಬಿಟ್ಟ ತಕ್ಷಣ ಲಿವರ್ 'ಚಟ್' ಅಂತ ವಾಪಸ್ ಬರಬೇಕು. ನನ್ನದರಲ್ಲಿ ಧೂಳು ತುಂಬಿ ಸೋಮಾರಿಯಾಗಿ ಬರ್ತಿತ್ತು, ಕೇಬಲ್ ಬದಲಾಯಿಸಿದೆ.

ಏಪ್ರಿಲ್ ಎರಡನೇ ಶನಿವಾರ ಓಶಿಯಾನೋಗೆ ಹೋದೆವು. ಅಲ್ಲಿ ನೆಲದಿಂದ 8 ಅಡಿ ಎತ್ತರಕ್ಕೆ ಬಾವುಟ ಕಟ್ಟಲೇಬೇಕು. ಗುಡ್ಡದ ಆಚೆ ಇರೋರಿಗೆ ಮೊದಲು ಕಾಣೋದು ಅದೇ. ಹೆಲ್ಮೆಟ್ ಕಡ್ಡಾಯ. ಬೀಚಿನ ಮೇಲೆ ಗಂಟೆಗೆ 15 ಮೈಲಿ ಮಿತಿ. ಮೊದಲ ಅರ್ಧ ಗಂಟೆ ಸಮತಟ್ಟಿನಲ್ಲೇ ಓಡಿಸಿ, ಬ್ರೇಕ್ ಹಾಕಿ, ನಿಲ್ಲಿಸಿ, ಡಿಸ್ಕ್ ಬಿಸಿಯಾಗಿ ಕಚ್ಚಿಕೊಂಡಿದೆಯಾ ಅಂತ ನೋಡ್ತಿದ್ದೆ. ಆಮೇಲೆ ಮೊದಲ ಗುಡ್ಡ ಹತ್ತಿದೆ. ಮೇಲೆ ನಿಂತರೆ ಒಂದು ಕಡೆ ಪೆಸಿಫಿಕ್, ಇನ್ನೊಂದು ಕಡೆ ಮರಳು. ಆ ಖುಷಿ ಹೇಳೋಕೆ ಬರಲ್ಲ.

ವಾಪಸ್ ಬಂದ ರಾತ್ರಿಯೇ ಉಪ್ಪು ಹೋಗೋ ಹಾಗೆ ಕೆಳಗಡೆಯಿಂದ ತೊಳೆದೆ. ಜೋರಾಗಿ ನೀರು ಹೊಡೆಯಲಿಲ್ಲ, ಬೇರಿಂಗ್ ಸೀಲ್ ಒಳಗೆ ನೀರು ನುಗ್ಗುತ್ತೆ. ಚೈನಿಗೆ ಎಣ್ಣೆ ಹಾಕಿದೆ. ಆಕ್ಸಲ್ಲಿನ ಆ ಎರಡು ನಟ್ಟಿಗೆ ಮತ್ತೆ ರೆಂಚ್ ಹಾಕಿ ನೋಡಿದೆ. ಒಂದಿಷ್ಟೂ ಅಲುಗಿರಲಿಲ್ಲ. ಮುಂದಿನ ವಾರ ಹಿಂದಿನ ಆಕ್ಸಲ್ ಹಿಡಿದಿರೋ ಸ್ವಿಂಗ್ ಆರ್ಮ್ ಬಿಚ್ಚಿ ಗ್ರೀಸ್ ಹಾಕಬೇಕು. ಪ್ಲೇ ಏನೂ ಇಲ್ಲ, ಆದರೆ ಒಳಗಿರೋದು 2001ರ ಗ್ರೀಸೇ ಇರಬಹುದು.